ದ್ವೀಪದ ಬೌಲಿಂಗ್ ಸಂಘ, ಗೋವಿಂದರಾಜನಗರ

ನಮ್ಮ ಮನೆದೇವರಾಣೆ, ಈ ಬಿಸಿ ಕಾಫಿ ಮೇಲಾಣೆ, ಮೈಮೇಲಿರೋ ಈ ಬ್ಲೇಜರ್ ಮೇಲಾಣೆ ದಾನಮ್ಮ, ನಾನು ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿಲ್ಲ. ಸುಳ್ಳೇ ಹೇಳೋದಾಗಿದ್ರೆ ನನಗೆ ಮರ್ಯಾದೆ ಬರೋ ಥರದ್ದು ಹೇಳ್ತಿದ್ದೆ.

ಪೇಪರ್ ಅಲ್ಲೇ ಇಡು, ಸಕ್ಕರೆ ಡಬ್ಬದ ಪಕ್ಕ. ಓದಿದೀನಿ ಕಣಮ್ಮ. ‘ಸಿದ್ದಲಿಂಗೇಶ್ ಆದ ನಾನು, ದಾನಮ್ಮನವರಿಗೆ ತಿಳಿಸದೆ ಅವರ ಹೆಸರನ್ನು ಇನ್ನೊಂದು ರಾಜ್ಯದ ಸಂಘದಲ್ಲಿ ನೋಂದಾಯಿಸಿದ್ದೇನೆ.’ ಚೆನ್ನಾಗಿ ಟೈಪ್ ಮಾಡ್ಸಿದ್ದೀಯ. ವಿಜಯನಗರದಲ್ಲಿ ಇಷ್ಟು ಒಳ್ಳೆ ಟೈಪಿಂಗ್ ಇನ್ನೂ ಸಿಗುತ್ತಾ?

‘ಅಣ್ಣಾರ, ಗುರುವಾರ ಅಪೀಲ್ ಐತಿ. ನೀವು ಸೈನ್ ಹಾಕಿದ್ರ ನಾ ಟೀಮಿನ್ಯಾಗ ಇರ್ತೀನಿ. ಇಲ್ಲಾಂದ್ರ ಎರಡು ವರ್ಷ ಬ್ಯಾನ್. ಕಥಿ ಆಮ್ಯಾಲೆ ಹೇಳ್ರಿ.’

ಕಥೆ ಮೊದಲು. ಸೈನ್ ಎಲ್ಲಿಗೆ ಹೋಗುತ್ತೆ?

ನಿನ್ನ ಮೊದಲನೇ ಚೆಂಡು ನೋಡಿದೋನು ನಾನು, ಮರಿಬೇಡ. ನೀನು ಮಾಲಿನ ಬೌಲಿಂಗ್ ಸೆಂಟರಲ್ಲಿ ಬಾಡಿಗೆ ಶೂ ಕೊಡೋ ಕೌಂಟರಿಗೆ ಸೇರಿ ಮೂರು ದಿನ ಆಗಿತ್ತು, ಗದಗದಿಂದ ತಂದ ಚೀಲ ಇನ್ನೂ ಬಿಚ್ಚಿರ್ಲಿಲ್ಲ. ನಾನು ಚೆಂಡು ಉರುಳೋ ಲೇನ್ ಹಿಂದೆ ಮೆಷಿನ್ ಒಳಗೆ ತಲೆ ಹಾಕ್ಕೊಂಡು ಬೆಲ್ಟ್ ಸರಿ ಮಾಡ್ತಿದ್ದೆ. ಹದಿನಾಲ್ಕು ವರ್ಷ ಅದೇ ಕೆಲಸ ನಂದು, ಬಿದ್ದ ಹತ್ತು ಪಿನ್ನನ್ನ ಮತ್ತೆ ನಿಲ್ಸೋ ಮೆಷಿನ್ನಿಗೆ ಎಣ್ಣೆ ಬಿಡೋದು. ‘ಅಣ್ಣಾರ, ಟ್ರೈ ಮಾಡ್ಲೇನ್ರಿ?’ ಅಂದೆ ನೀನು. ಮಾಡು ಅಂದೆ. ಚೆಂಡು ಬರೋ ಸದ್ದಿಗೇ ಒಂಬತ್ತು ಪಿನ್ ಮಲಗಿದ್ವು. ಹತ್ತನೇದು ನನ್ನ ಮುಖ ನೋಡ್ತು, ನಾನು ಅದರ ಮುಖ ನೋಡ್ದೆ, ಆಮೇಲೆ ಅದೂ ಮಲಗ್ತು. ಆವತ್ತು ನಿನ್ನ ಕರ್ನಾಟಕ ಸಂಘದ ಫಾರ್ಮ್ ತುಂಬಿಸಿದೋನೂ ನಾನೇ. ಆಧಾರ್, ಜನ್ಮ ದಾಖಲೆ, ಫೋಟೋ, ಎಲ್ಲಾದ್ರ ಜೆರಾಕ್ಸೂ ನಂಬಿ ನನ್ನ ಕೈಗೆ ಕೊಟ್ಟೆ.

ಆ ಜೆರಾಕ್ಸಿನ ಕಥೆನೇ ಇದು.

ನಮ್ಮ ಶಂಭುಲಿಂಗಪ್ಪನೋರು ಗೊತ್ತಲ್ಲ? ರಾಷ್ಟ್ರೀಯ ಒಕ್ಕೂಟದ ಪ್ರಧಾನ ಕಾರ್ಯದರ್ಶಿ. ಇಡೀ ದೇಶದ ಬೌಲಿಂಗು ನಡೆಯೋದು ಗೋವಿಂದರಾಜನಗರದಲ್ಲಿ ಅವರ ಮನೆ ಮೂರನೇ ಮಹಡೀಲಿ, ನೀರಿನ ಟ್ಯಾಂಕ್ ಪಕ್ಕ. ಒಂದಿನ ದಿಲ್ಲಿ ಕ್ರೀಡಾ ಇಲಾಖೆಯಿಂದ ಕಾಗದ ಬಂತು. ಇಂತಿಷ್ಟು ರಾಜ್ಯ ಸದಸ್ಯ ಆಗಿರ್ಬೇಕು, ಇಲ್ಲಾಂದ್ರೆ ಮಾನ್ಯತೆ ರದ್ದು. ಲೆಕ್ಕ ಹಾಕಿದ್ರೆ ಐದು ರಾಜ್ಯ ಕಮ್ಮಿ. ಬೇರೆ ಯಾರಾದ್ರೂ ಆಗಿದ್ರೆ ಊರೂರು ಸುತ್ತಿ ಆಟ ಕಲಿಸ್ತಿದ್ರು. ಇವರು ಕೆಳಗಿಳಿದು ಬಂದು ಬೀದಿ ಸುತ್ತಿದ್ರು.

ಸಂಜೆ ಹೊತ್ತಿಗೆ ಐದು ರಾಜ್ಯ ರೆಡಿ. ಹಿಮ ಬೀಳೋ ರಾಜ್ಯಕ್ಕೆ ಅವರ ಹೆಂಡ್ತಿ ಬೋರಮ್ಮನೋರು ಅಧ್ಯಕ್ಷೆ. ಆಯಮ್ಮ ಫ್ರಿಜ್ಜಿನ ನೀರು ಕುಡಿದ್ರೆ ಮೂರು ದಿನ ಮಲಗ್ತಾರೆ. ಮರಳುಗಾಡು ಅವರ ಭಾಮೈದನಿಗೆ. ನನಗೆ ಉಳಿದಿದ್ದು ಒಂದು ದ್ವೀಪ. ಹೆಸರು ಹೇಳಲ್ಲ, ಸುತ್ತ ನೀರಿದೆ ಅಂದ್ಕೋ. ‘ಸಾರ್, ನಾನು ಮಂಗಳೂರೂ ನೋಡಿಲ್ಲ’ ಅಂದೆ. ‘ಸಿದ್ದಲಿಂಗಣ್ಣ, ಅಧ್ಯಕ್ಷರಾದ್ರೆ ನಿಮಗೆ ಬ್ಲೇಜರ್ ಇದೆ’ ಅಂದ್ರು.

ನಗ್ಬೇಡ. ಹದಿನಾಲ್ಕು ವರ್ಷ ಗ್ರೀಸ್ ಮೆತ್ಕೊಂಡ ಬನೀನು ಹಾಕ್ದೋನಿಗೆ ಹೋಗಿ ಬ್ಲೇಜರ್ ಅನ್ನು, ಆಮೇಲೆ ನಗು.

ಹೊಸಹಳ್ಳಿಯ ಒಂದು ಕಲ್ಯಾಣ ಮಂಟಪದ ಊಟದ ಹಾಲಲ್ಲಿ ವಾರ್ಷಿಕ ಸಭೆ. ದಿಲ್ಲಿಯಿಂದ ಒಬ್ಬ ವೀಕ್ಷಕ ಬಂದಿದ್ದ. ಹಿಮದ ರಾಜ್ಯಕ್ಕೆ ಹಿಂದೀಲಿ ಏನೋ ಕೇಳ್ದ. ಬೋರಮ್ಮನೋರು ಎದ್ದು ನಿಂತು, ‘ಮೊದಲು ಊಟ ಮಾಡಪ್ಪ, ಮುದ್ದೆ ಆರೋಗುತ್ತೆ’ ಅಂದ್ರು. ನಮ್ಮ ಕಾರ್ಯದರ್ಶಿಗಳು ಅದನ್ನ, ಅಧ್ಯಕ್ಷರು ತಮ್ಮ ಬೆಟ್ಟದ ಸೀಮೆ ಪಹಾಡಿ ಭಾಷೇಲಿ ಸ್ವಾಗತ ಕೋರ್ತಿದ್ದಾರೆ ಅಂತ ಹೇಳಿದ್ರು. ಅವನು ಎದ್ದು ನಿಂತು ಕೈಮುಗ್ದ. ನಿಜವಾಗ್ಲೂ ಕಣೇ, ಮುಗಿದ ಕೈಗೇ ಬೋರಮ್ಮನೋರು ತುಪ್ಪದ ಬಟ್ಲು ಇಟ್ರು.

ಆಮೇಲೆ ನನ್ನ ದ್ವೀಪ. ಲೇನ್ ಎಲ್ಲಿದೆ, ಫೋಟೋ ಬೇಕು ಅಂದ. ಮಾರನೇ ದಿನ ಬೆಳಿಗ್ಗೆ ನಮ್ಮ ಬೀದೀಲಿ ಮನೆ ಕಟ್ತಿದ್ದೋರ ಮರಳು ಗುಡ್ಡೆ ಮೇಲೆ ಹತ್ತು ಎಳನೀರು ಸಾಲಾಗಿ ನಿಲ್ಸಿ ಫೋಟೋ ಹೊಡ್ದು ಕಳಿಸ್ದೆ. ‘ಬ್ಯೂಟಿಫುಲ್ ಬೀಚ್’ ಅಂತ ಉತ್ತರ ಬಂತು. ಹಿಂದೆ ಸಿಮೆಂಟ್ ಲಾರಿ ನಿಂತಿತ್ತು. ಅದನ್ನ ಹಡಗು ಅಂದ್ಕೊಂಡನೋ ಏನೋ.

‘ನನ್ನ ಹೆಸರಿಗೆ ಬರ್ರಿ ಅಣ್ಣಾರ. ಹನ್ನೊಂದಕ್ಕ ಕೌಂಟರ್ ತಗೀಬೇಕು ನಾ.’

ಬಂದೆ. ಕೊನೆಗೆ ಅವನು ಕೇಳಿದ್ದು ಎಂಟು ಜನ ಆಟಗಾರರ ಪಟ್ಟಿ, ದಾಖಲೆ ಸಮೇತ, ಸಂಜೆ ಐದರೊಳಗೆ. ಏಳು ಜನ ಆದ್ರು. ನಮ್ಮಕ್ಕನ ಮಗಳು ಚೈತ್ರ, ಇಸ್ತ್ರಿ ಅಂಗಡಿ ನಾಗರಾಜು, ಹೀಗೆ. ಇವರಲ್ಲಿ ಒಬ್ಬರೂ ಬೌಲಿಂಗ್ ಚೆಂಡು ಮುಟ್ಟಿಲ್ಲ. ನಾಗರಾಜು ಇವತ್ತಿಗೂ ಅದು ಕ್ರಿಕೆಟ್ಟು ಅಂತ್ಲೇ ತಿಳ್ಕೊಂಡಿದ್ದಾನೆ. ಎಂಟನೇದಕ್ಕೆ ಯಾರೂ ಸಿಗ್ಲಿಲ್ಲ. ಐದಕ್ಕೆ ಹತ್ತು ನಿಮಿಷ. ಮೇಜಿನ ಖಾನೆ ಎಳೆದ್ರೆ ನಿನ್ನ ಜೆರಾಕ್ಸ್ ಇತ್ತು.

ನನ್ನ ತಪ್ಪೇನು ಗೊತ್ತಾ? ನಿಜವಾದ ಆಟಗಾರ್ತೀನ ಬರೆದಿದ್ದು. ಏಳು ಸುಳ್ಳು ಹೆಸರು ಆರಾಮಾಗಿ ಬದುಕ್ಕೊಂಡ್ವು, ಅವು ಎಲ್ಲೂ ಆಡಲ್ಲ, ಯಾರ ಕಣ್ಣಿಗೂ ಬೀಳಲ್ಲ. ನೀನು ಹೋಗಿ ಟ್ರಯಲ್ಸಲ್ಲಿ ದೇಶಕ್ಕೇ ಮೊದಲು ಬಂದ್ಬಿಟ್ಟೆ. ಏಷ್ಯಾ ಟೂರ್ನಮೆಂಟಿಗೆ ನಿನ್ನ ಹೆಸರು ಟೈಪ್ ಮಾಡಿದ್ ತಕ್ಷಣ ಕಂಪ್ಯೂಟರ್ ಇಬ್ಬರು ದಾನಮ್ಮನ್ನ ತೋರಿಸ್ತು, ಒಬ್ಬಳು ಕರ್ನಾಟಕ, ಒಬ್ಬಳು ದ್ವೀಪ. ಎರಡು ಕಡೆ ನೋಂದಣಿ ಆದ್ರೆ ಎರಡು ವರ್ಷ ಬ್ಯಾನ್. ಆ ನಿಯಮ ಬರೆದೋರು ಶಂಭುಲಿಂಗಪ್ಪನೋರೇ. ಶಿಸ್ತು ಸಮಿತಿ ಅಧ್ಯಕ್ಷರೂ ಅವರೇ. ‘ನಿಯಮ ಎಲ್ರಿಗೂ ಒಂದೇ ಸಿದ್ದಲಿಂಗಣ್ಣ’ ಅಂತ ಹೇಳ್ವಾಗ ಅವರ ಕಣ್ಣಲ್ಲಿ ನೀರಿತ್ತು. ಬಜ್ಜಿಗೆ ಈರುಳ್ಳಿ ಹೆಚ್ತಿದ್ರು, ಅದೂ ಇರ್ಬಹುದು.

‘ಇಷ್ಟ ಬರದು ಸೈನ್ ಹಾಕ್ರಿ. ಅಪೀಲ್ ಕೇಳಾಂವ ಹೊರಗಿನಾಂವ, ಅವ್ರ ಮನಿಯಾಂವ ಅಲ್ಲ.’

ಹಾಕ್ತೀನಿ ಅಂದ್ನಲ್ಲ. ಹಾಕಿದ್ರೆ ಏನಾಗುತ್ತೆ ಅಂತ ಯೋಚ್ನೆ ಮಾಡಿದೀಯಾ? ದ್ವೀಪ ಮುಳುಗುತ್ತೆ. ದ್ವೀಪ ಮುಳುಗಿದ್ರೆ ಹಿಮ ಕರಗುತ್ತೆ, ಮರಳುಗಾಡು ಹಾರೋಗುತ್ತೆ, ಒಕ್ಕೂಟಾನೇ ಇರಲ್ಲ. ಒಕ್ಕೂಟ ಇಲ್ಲಾಂದ್ರೆ ನಿನ್ನ ಕಳಿಸೋರು ಯಾರು? ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ.

‘ನನ್ನ ಸೀಟಿಗೆ ಯಾರ ಹೊಂಟಾರ?’

ಆಟಗಾರರು ಯಾರೂ ಇಲ್ಲ ಬಿಡು, ಅಷ್ಟು ಬೇಗ ಎಲ್ಲಿ ಸಿಗ್ತಾರೆ. ಆದ್ರೆ ಟಿಕೆಟ್ ಆಗ್ಲೇ ಬುಕ್ ಆಗಿದೆ, ಸೀಟು ಖಾಲಿ ಹೋಗ್ಬಾರ್ದು. ಹಾಗಾಗಿ ಒಬ್ಬ ಹೆಚ್ಚುವರಿ ಮ್ಯಾನೇಜರ್. ಮೂರು ಜನ ಆಟಗಾರರಿಗೆ ಐದು ಜನ ಮ್ಯಾನೇಜರ್ ಆಗ್ತಾರೆ, ನಿಗಾ ಚೆನ್ನಾಗಿರುತ್ತೆ.

ಯಾಕೆ ಹಂಗೆ ನೋಡ್ತೀಯ? ಇದಾ, ಜೇಬಲ್ಲಿರೋದು? ಪಾಸ್‌ಪೋರ್ಟು. ಮೊನ್ನೆ ಬಂತು. ಇದೇ ಬ್ಲೇಜರ್ ಹಾಕ್ಕೊಂಡು ಫೋಟೋ ತೆಗೆಸ್ದೆ. ನಲವತ್ತೊಂಬತ್ತು ವರ್ಷಕ್ಕೆ ಮೊದಲನೇ ಸಲ ಕಣಮ್ಮ ವಿಮಾನ. ಮೆಷಿನ್ನಿನ ಹಿಂದೆ ನಿಂತೋನ್ನ ಯಾರೂ ಯಾವತ್ತೂ ಎಲ್ಲಿಗೂ ಕರ್ದಿಲ್ಲ. ನೀನು ಚಿಕ್ಕೋಳು, ಎರಡು ವರ್ಷ ಅಂದ್ರೆ ಹಿಂಗೆ ಕಳ್ದೋಗುತ್ತೆ.

ಕೇಳು, ನಾನೂ ಮನುಷ್ಯನೇ. ನಿನಗೆ ಅಂತ್ಲೇ ಒಂದು ದಾರಿ ಹುಡ್ಕಿದೀನಿ. ಈ ಪೇಪರ್ ಬಿಡು. ಬೇರೆ ಬರ್ಕೊಡು, ಕರ್ನಾಟಕ ಬಿಟ್ಟಿದೀನಿ, ನಾನು ದ್ವೀಪದೋಳೇ ಅಂತ. ಆಗ ನಾನು ಬರೆದಿದ್ದು ಸುಳ್ಳಾಗಲ್ಲ. ಬ್ಯಾನ್ ಮುಗಿಯೋ ಹೊತ್ತಿಗೆ ನಮ್ಮ ದ್ವೀಪಕ್ಕೆ ನೀನೇ ಕ್ಯಾಪ್ಟನ್. ನಿನಗೂ ಒಂದು ಬ್ಲೇಜರ್ ಹೊಲಿಸ್ತೀನಿ, ಮಾರ್ಕೆಟ್ಟಲ್ಲಿ ನಮ್ಮ ಟೈಲರ್ ಇದಾನೆ, ಲೇಡೀಸ್ ಅಳತೆನೂ ತಗೋತಾನೆ. ಏ, ಪೇಪರ್ ಮಡಚ್ಕೊಂಡು ಯಾಕೆ ಎದ್ದೆ? ಕಾಫಿ ಹಂಗೇ ಇದೆ ನೋಡು. ದಾನಮ್ಮ, ದ್ವೀಪ ಅಂದ್ರೆ ಕೀಳಲ್ಲ ಕಣೇ, ನಾನು ನೋಡಿಲ್ಲ ನಿಜ, ಆದ್ರೆ ಅಲ್ಲಿಂದ ಬಂದೋನೊಬ್ಬ ಹೇಳ್ದ, ಬೆಳಗಿನ ಹೊತ್ತು ನೀರು ಇಳಿದಾಗ ಮರಳೆಲ್ಲಾ ನುಣ್ಣಗೆ, ನಮ್ಮ ಲೇನ್ ಥರಾನೇ ಹೊಳಿತಾ, ನೀನು ಅಲ್ಲಿ ನಿಂತು ಚೆಂಡು ಬಿಟ್ರೆ ಅದು ಉರುಳ್ಕೊಂಡು…