ಜಾರು ಮೇಷ್ಟ್ರ ಅಳಿಯ

ಊರಾಚೆಯ ಹಳೇ ಗೋದಾಮಿನ ಹಿಂದೆ ಒಂದು ಸಿಮೆಂಟು ನೆಲವಿತ್ತು. ಆಟದ ಮೈದಾನದಷ್ಟು ಅಗಲ, ಗಾಜಿನಷ್ಟು ನುಣುಪು. ಸುತ್ತ ಹಾಕಿದ ತೂತಿನ ಪೈಪುಗಳಿಂದ ನೀರು ಚಿಮ್ಮಿಸಿ, ಮೇಲೆ ಒಂದಿಷ್ಟು ಸೋಪಿನ ನೀರು ಸುರಿದುಬಿಟ್ಟರೆ ಬೆಕ್ಕು ಕೂಡ ಅಲ್ಲಿ ಕಾಲಿಡಲು ಹಿಂದೆಮುಂದೆ ನೋಡುತ್ತಿತ್ತು. ಜಾರು ಮೇಷ್ಟ್ರ ಪಾಠಶಾಲೆ ಅದೇ. ಒದ್ದೆ ರಸ್ತೆಯಲ್ಲಿ, ಎಣ್ಣೆ ಚೆಲ್ಲಿದ ತಿರುವಿನಲ್ಲಿ ಗಾಡಿ ಜಾರಿದರೆ ಅದನ್ನು ಹಿಡಿತಕ್ಕೆ ತಂದುಕೊಳ್ಳುವುದು ಹೇಗೆಂದು ಅವರು ಡ್ರೈವರುಗಳಿಗೆ ಕಲಿಸುತ್ತಿದ್ದರು. ಟ್ಯಾಕ್ಸಿಯವರು, ಆಂಬುಲೆನ್ಸಿನವರು, ಬಸ್ಸಿನವರು, ಹೊಸ ಕಾರು ಕೊಂಡು ಕೈಕಾಲು ನಡುಗುವವರು, ಎಲ್ಲರೂ ಬರುತ್ತಿದ್ದರು. ಮೇಷ್ಟ್ರ ನಿಜವಾದ ಹೆಸರು ಪೋಸ್ಟ್‌ಮ್ಯಾನಿಗೂ ಮರೆತುಹೋಗಿತ್ತು.

ಪಾಠ ಸರಳ. ಬೋಳು ಟೈರಿನ ಪುಟ್ಟ ಹಳೇ ಕಾರು. ಶಿಷ್ಯ ಸ್ಟೀರಿಂಗ್ ಹಿಡಿದು ಕೂರಬೇಕು, ಮೇಷ್ಟ್ರು ಪಕ್ಕದಲ್ಲಿ. ಕಾರು ವೇಗ ಹಿಡಿಯುತ್ತಿದ್ದಂತೆ ಮೇಷ್ಟ್ರು ಹೇಳದೆ ಕೇಳದೆ ಹ್ಯಾಂಡ್‌ಬ್ರೇಕ್ ಎಳೆದುಬಿಡುತ್ತಿದ್ದರು. ಹಿಂದಿನ ಚಕ್ರ ಕಚ್ಚಿಕೊಂಡು ಕಾರು ಅಡ್ಡಡ್ಡಲಾಗಿ ಜಾರುತ್ತಿತ್ತು. ಸರಿಯಾಗಿ ಆ ಹೊತ್ತಿಗೆ ನೆಲದ ನಟ್ಟನಡುವೆ ಒಂದು ಬೊಂಬೆ ಎದುರಾಗುತ್ತಿತ್ತು. ಹಳೇ ರೇನ್‌ಕೋಟಿಗೆ ಚಿಂದಿ ತುಂಬಿ ಸ್ಪ್ರಿಂಗಿನ ಮೇಲೆ ನಿಲ್ಲಿಸಿದ ಬೊಂಬೆ. ಬೇಡದ ಹೊತ್ತಿನಲ್ಲೇ ಎದುರು ಬಂದು ನಿಲ್ಲುತ್ತದೆಂದು ಶಿಷ್ಯರು ಅದಕ್ಕೆ ‘ಬೀಗರು’ ಎಂದು ಹೆಸರಿಟ್ಟಿದ್ದರು. ಜಾರುವವನ ಕಣ್ಣು ತಾನಾಗಿ ಬೀಗರ ಮೇಲೆ ಹೋಗುತ್ತದೆ. ಕಣ್ಣು ಹೋದ ಕಡೆ ಕೈ, ಕೈ ಹೋದ ಕಡೆ ಕಾರು. ಬೀಗರು ಧೊಪ್ಪನೆ ಮಲಗುತ್ತಿದ್ದರು.

“ಯಾಕ್ರೀ ಅದರ ಮುಖ ನೋಡ್ತೀರ? ಅದೇನು ನಿಮ್ಮ ಚಿಕ್ಕಪ್ಪನಾ?” ಎಂದು ಮೇಷ್ಟ್ರು ಗದರುತ್ತಿದ್ದರು. “ಖಾಲಿ ಜಾಗ ನೋಡಿ! ಹೋಗ್ಬೇಕಾದ ಕಡೆ ನೋಡಿ! ಗಾಡಿ ಮೂತಿ ಅಲ್ಲಿಗೆ ಹೋದ್ರೆ ಬಾಲ ತಾನೇ ಹಿಂದೆ ಬರುತ್ತೆ. ಬಾಲದ ಚಿಂತೆ ಬಿಟ್ಬಿಡಿ!”

ಅಳಿಯ ಕೂಡ ಒಂದು ಕಾಲಕ್ಕೆ ಇಂಥದ್ದೇ ಶಿಷ್ಯ. ಬಸ್ ಡಿಪೋದವರು ಕಳಿಸಿದ ಹುಡುಗರ ಗುಂಪಿನಲ್ಲಿ ಬಂದಿದ್ದ. ಬೀಗರನ್ನು ಒಂದೇ ಒಂದು ಸಲವೂ ಮುಟ್ಟದೆ ಪಾಠ ಮುಗಿಸಿದವನು ಅವನೊಬ್ಬನೇ. ಮಧ್ಯಾಹ್ನ ಅಪ್ಪನಿಗೆ ಊಟದ ಡಬ್ಬಿ ತರುತ್ತಿದ್ದ ಮಗಳು ಅದನ್ನು ನೋಡಿದಳು, ಅವನು ಅವಳನ್ನು ನೋಡಿದ, ಮುಂದಿನದನ್ನು ಹೇಳಬೇಕೇ? ಮೇಷ್ಟ್ರು ಮೊದಲು ಮುಖ ಗಂಟಿಕ್ಕಿಕೊಂಡರು, ಆಮೇಲೆ ಒಳಗೊಳಗೇ ಹಿಗ್ಗಿದರು.

ಹೋದ ಮಳೆಗಾಲದ ಮೊದಲ ಮಳೆಯ ಸಂಜೆ ಅಳಿಯನ ಬಸ್ಸು ಜಾರಿತು. ತಿರುವಿನಲ್ಲಿ ಕೆಟ್ಟುನಿಂತ ಲಾರಿ, ರಸ್ತೆಯ ಮೇಲೆ ಎಣ್ಣೆ, ಬಸ್ಸಿನ ತುಂಬ ಜನ. ಅವನು ಲಾರಿಯನ್ನು ತಪ್ಪಿಸಿ, ಪಕ್ಕದ ಖಾಲಿ ಜಾಗಕ್ಕೆ ನುಗ್ಗಿಸಿ, ಬಸ್ಸು ನಿಲ್ಲಿಸಿದ. ಒಳಗಿದ್ದವರ ಮೈಮೇಲೆ ಒಂದು ಗೀರೂ ಇಲ್ಲ. ರಸ್ತೆಬದಿಯಲ್ಲಿದ್ದ ಒಬ್ಬ ಹೆಂಗಸು ಮಾತ್ರ ಸತ್ತಳು. ಅವಳೇ ಅಡ್ಡ ಓಡಿಬಂದಳು ಎಂದು ನೋಡಿದವರು ಹೇಳಿದರು, ನೋಡದವರೂ ಹೇಳಿದರು. ವಿಚಾರಣೆಯಲ್ಲಿ ಡ್ರೈವರನ ತಪ್ಪಿಲ್ಲ ಎಂದಾಯಿತು. ಮೇಷ್ಟ್ರಂತೂ ಎದೆಯುಬ್ಬಿಸಿಕೊಂಡು, “ನಮ್ಮ ಪಾಠ ಕಣ್ರೀ, ಅಷ್ಟೂ ಜನರ ಜೀವ ಉಳಿಸ್ತು” ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ತಿರುಗಿದರು. ಆ ಬಾಯಿಗೆ ಆಗಲೇ ಒಂದು ಬೀಗ ಹಾಕಿಕೊಂಡಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಅಳಿಯ ಸ್ಟೀರಿಂಗ್ ಮುಟ್ಟಲಿಲ್ಲ. ಎಬ್ಬಿಸಿದರೆ ಎದ್ದ, ಬಡಿಸಿದರೆ ಉಂಡ. ಉಳಿದ ಹೊತ್ತೆಲ್ಲ ಕಿಟಕಿಗೆ ಬೆನ್ನು ಹಾಕಿ ಗೋಡೆ ನೋಡುತ್ತ ಕೂತ.

ಮಗಳು ಒಂದು ದಿನ ಅಪ್ಪನ ಮುಂದೆ ಬಂದು ನಿಂತಳು. ಅತ್ತು ಅತ್ತು ಕಣ್ಣು ಬತ್ತಿಹೋಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ಅಪ್ಪಾ, ಅವರಿಗೆ ಬಸ್ಸೇ ಉಸಿರು, ನಿನಗೆ ಗೊತ್ತು. ಮನೇಲಿ ಗಂಡ ಇದ್ದಾರೆ ಅನ್ನೋಕೆ ಬಾಗಿಲಲ್ಲಿರೋ ಚಪ್ಪಲಿ ಒಂದೇ ಸಾಕ್ಷಿ. ಇನ್ನೂ ಹೀಗೇ ಬಿಟ್ರೆ ಮನುಷ್ಯ ನನ್ನ ಕೈಗೆ ಸಿಗಲ್ಲ. ಡಿಪೋ ಸಾಹೇಬ್ರನ್ನ ಕೇಳ್ದೆ. ಮತ್ತೆ ಒಂದ್ಸಲ ಜಾರೋ ನೆಲದ ಮೇಲೆ ಓಡಿಸಿ ತೋರಿಸ್ಲಿ, ಮೇಷ್ಟ್ರು ಹೂಂ ಅಂದ್ರೆ ಸಾಕು, ಬಸ್ ಕೊಡ್ತೀವಿ ಅಂದ್ರು. ನೀನು ಮನಸ್ಸು ಮಾಡಪ್ಪ. ನನ್ನ ಮನೆ ಉಳಿಸ್ಕೊಡು.”

“ಅದೇನು ಮಹಾ! ಒಂದು ವಾರ ಸಾಕು” ಎಂದರು ಮೇಷ್ಟ್ರು.

ಒಂದು ವಾರ ಹೋಗಿ ಒಂದು ತಿಂಗಳಾಯಿತು. ಮೊದಲ ತೊಂದರೆ ಮರ್ಯಾದೆಯದು. ಮನೆಗೆ ಬಂದಾಗ “ಬನ್ನಿ, ಕೂತ್ಕೊಳ್ಳಿ” ಎಂದು ಮಾತಾಡಿಸುವ ಅಳಿಯನನ್ನು ಕಾರಿನೊಳಗೆ ಬೈಯುವುದು ಹೇಗೆ? “ಬ್ರೇಕಿಂದ ಸ್ವಲ್ಪ ಕಾಲು ತೆಗೀರಿ ಅಳಿಯಂದ್ರೇ” ಎಂದು ಮರ್ಯಾದೆಯಾಗಿ ಮುಗಿಸುವಷ್ಟರಲ್ಲಿ ಕಾರು ಒಂದು ಸುತ್ತು ಸುತ್ತಿ ಬಂದ ದಾರಿಗೇ ಮುಖ ಮಾಡಿ ನಿಂತಿರುತ್ತಿತ್ತು. ಎರಡನೇ ದಿನಕ್ಕೆ ಮೇಷ್ಟ್ರು ಮರ್ಯಾದೆಯನ್ನು ಶೆಡ್ಡಿನಲ್ಲಿ ಬಿಟ್ಟು ಕಾರು ಹತ್ತತೊಡಗಿದರು. “ಬಿಡೋ! ತಿರುಗ್ಸೋ! ಎಲ್ಲೋ ನೋಡ್ತೀಯ?” ಅಳಿಯ ಬೇಸರ ಮಾಡಿಕೊಳ್ಳಲಿಲ್ಲ. ಬೇಸರ ಮಾಡಿಕೊಳ್ಳುವಷ್ಟು ಜೀವವಾದರೂ ಇದ್ದಿದ್ದರೆ ಮೇಷ್ಟ್ರಿಗೆ ಖುಷಿಯಾಗುತ್ತಿತ್ತು.

ನಿಜವಾದ ತೊಂದರೆ ಬೇರೆಯೇ ಇತ್ತು. ಅವನ ಕಾಲು ಸರಿಯಿತ್ತು, ಕೈ ಬೆಣ್ಣೆಯಂತಿತ್ತು. ಆದರೆ ಜಾರಿದ ಕೂಡಲೇ ಕಣ್ಣು ನೇರ ಬೊಂಬೆಗೆ ಹೋಗಿ ಅಂಟಿಕೊಳ್ಳುತ್ತಿತ್ತು. ಹೊಸಬರ ಕಣ್ಣು ಗಾಬರಿಯಿಂದ ಹೋಗುತ್ತದೆ, ಅದನ್ನು ಬೈದು ತಿದ್ದಬಹುದು. ಇವನಲ್ಲಿ ಗಾಬರಿಯೇ ಇಲ್ಲ. ಕಾದು ಕೂತವನ ಹಾಗೆ ನೋಡುತ್ತಿದ್ದ, ನೋಡುತ್ತಲೇ ಹೋಗಿ ಗುದ್ದುತ್ತಿದ್ದ. ಆಮೇಲೆ ತಾನೇ ಇಳಿದು ಹೋಗಿ, ಬೊಂಬೆಯನ್ನು ಎತ್ತಿ ನಿಲ್ಲಿಸಿ, ರೇನ್‌ಕೋಟಿನ ಮೇಲಿನ ಸೋಪಿನ ನೊರೆಯನ್ನು ಅಂಗೈಯಿಂದ ಒರೆಸಿ ಬರುತ್ತಿದ್ದ. ಅವನು ಬಂದ ಮೇಲೆ ಅದನ್ನು ಬೀಗರು ಎಂದು ಕರೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಮೇಷ್ಟ್ರು ತಮಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದರು. ಕಾರಿನ ಮುಂದಿನ ಗಾಜಿನ ಒಂದು ಬದಿಗೆ ರಟ್ಟು ಅಂಟಿಸಿದರು. ಗದ್ದ ಹಿಡಿದು ಮುಖ ತಿರುಗಿಸಿದರು, ಅವನ ಮುಖ ತಿರುಗಿತು, ಕಣ್ಣು ತಿರುಗಲಿಲ್ಲ. ಬೊಂಬೆಯನ್ನು ತೆಗೆದಿಟ್ಟರೆ ಮಾತ್ರ ಹಳೆಯ ಅಳಿಯ ವಾಪಸು ಬರುತ್ತಿದ್ದ. ಆಗ ಕಾರು ಅವನ ಕೈಯಲ್ಲಿ ಹೂವಿನ ಹಾಗೆ ತಿರುಗುತ್ತಿತ್ತು. ಮತ್ತೆ ತಂದು ನಿಲ್ಲಿಸಿದರೆ ಮತ್ತೆ ಧೊಪ್.

“ಏನಪ್ಪಾ ನಿನ್ನ ಕಷ್ಟ? ಬಾಯಿಬಿಟ್ಟು ಹೇಳಬಾರದಾ?” ಎಂದು ಒಂದು ದಿನ ಬೇಡಿಕೊಂಡರು.

“ಏನಿಲ್ಲ ಮಾವ” ಎಂದ ಅಳಿಯ.

ಡಿಪೋ ಸಾಹೇಬರು ನೋಡಲು ಬರುವ ದಿನ ಬಂದೇಬಿಟ್ಟಿತು. ಅಂದು ಬೆಳಿಗ್ಗೆ ಮೇಷ್ಟ್ರು ಎಲ್ಲರಿಗಿಂತ ಮೊದಲೇ ಬಂದು, ಬೊಂಬೆಯನ್ನು ಹೊತ್ತುಕೊಂಡು ಹೋಗಿ ಶೆಡ್ಡಿನೊಳಗೆ ಇಟ್ಟು ಬಾಗಿಲು ಹಾಕಿದರು. ಜನ್ಮದಲ್ಲಿ ಯಾವ ಶಿಷ್ಯನಿಗೂ ಮಾಡದ ಮೋಸ. ಆದರೂ ಮಾಡಿದರು. ಮಗಳ ಮುಖ ನೆನೆಸಿಕೊಂಡು ಮಾಡಿದರು. ಬೀದಿಯಲ್ಲಿ ಓಡಿಸುತ್ತ ಓಡಿಸುತ್ತ ಕಣ್ಣು ತಾನೇ ಸರಿಹೋಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು. ಹಾಗೆ ಸರಿಹೋಗುವುದಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಅಳಿಯ ಓಡಿಸಿದ. ಎಷ್ಟು ಸಲ ಹ್ಯಾಂಡ್‌ಬ್ರೇಕ್ ಎಳೆದರೂ ಕಾರು ಜಾರಿತು, ಸೊಂಟ ತಿರುಗಿಸಿತು, ಸಾಧು ಹಸುವಿನ ಹಾಗೆ ನೆಟ್ಟಗಾಯಿತು. ಸಾಹೇಬರು ಒದ್ದೆಯಾಗದ ಮೂಲೆಯಲ್ಲಿ ನಿಂತು ನೋಡಿ ಚಪ್ಪಾಳೆ ತಟ್ಟಿದರು.

“ಏನ್ ಮೇಷ್ಟ್ರೇ, ಇವರಿಗೆ ಪರೀಕ್ಷೆ ಬೇರೆ ಬೇಕಿತ್ತಾ? ಸೋಮವಾರದಿಂದ ಡ್ಯೂಟಿಗೆ ಬರ್ಲಿ” ಎಂದು ಹೇಳಿ, ಮಗಳಿಗೂ ಕೈಮುಗಿದು, ಹೊರಟುಹೋದರು.

ಮಗಳು ಗೋದಾಮಿನ ಗೋಡೆಗೆ ಒರಗಿ ನಗುತ್ತಿದ್ದಳು. ಅವಳು ನಕ್ಕು ಎಷ್ಟು ದಿನವಾಗಿತ್ತೋ! ಮೇಷ್ಟ್ರ ಎದೆಯ ಮೇಲಿಂದ ಕಲ್ಲು ಸರಿದಂತಾಯಿತು. “ಸರಿ, ಇಳೀರಿ ಅಳಿಯಂದ್ರೇ” ಎಂದರು.

ಅಳಿಯ ಇಳಿಯಲಿಲ್ಲ. ಇಂಜಿನ್ ಆಫ್ ಮಾಡಿದ.

“ಬೊಂಬೆ ಎಲ್ಲಿ ಮಾವ?”

“ಅದಾ? ಸ್ಪ್ರಿಂಗ್ ಕಿತ್ತೋಗಿತ್ತು. ಶೆಡ್ಡಲ್ಲಿದೆ.”

“ಕಿತ್ತೋಗಿಲ್ಲ. ನೀವು ಹೊತ್ಕೊಂಡು ಹೋಗಿದ್ದನ್ನ ಗೇಟ್ ಹತ್ರ ನಿಂತು ನೋಡ್ದೆ.”

ಅಳಿಯನ ಕೈ ಇನ್ನೂ ಸ್ಟೀರಿಂಗ್ ಮೇಲೇ ಇತ್ತು. ತಿಂಗಳುಗಟ್ಟಲೆ ಗೋಡೆಗೆ ಹೇಳಿ ಹೇಳಿ ಬಾಯಿಪಾಠವಾದ ಮಾತನ್ನು ಹೇಳುವವನ ಹಾಗೆ ಅವನು ಶುರು ಮಾಡಿದ.

“ಅವತ್ತು ನೀವು ಕಲಿಸಿದ್ದನ್ನೇ ಮಾಡ್ದೆ ಮಾವ. ಚೂರೂ ತಪ್ಪಲಿಲ್ಲ. ಬಸ್ ಜಾರ್ತು. ಎಡಗಡೆ ಆ ಹೆಂಗಸು ನಿಂತಿದ್ಲು, ಹಸಿರು ಬಣ್ಣದ್ದೇನೋ ಹಾಕ್ಕೊಂಡಿದ್ಲು, ಅಷ್ಟೇ ಕಂಡಿದ್ದು. ಕಣ್ಣು ಅವಳ ಮೇಲೆ ಹೋಗ್ತಾ ಇತ್ತು. ನಿಮ್ಮ ದನಿ ಕೇಳಿಸ್ತು. ಅವಳಿಂದ ಕಣ್ಣು ಕಿತ್ತು ಬಲಗಡೆ ಖಾಲಿ ಜಾಗದಲ್ಲಿ ಇಟ್ಟೆ. ಮೂತಿ ಅಲ್ಲಿಗೇ ಹೋಯ್ತು. ಬಾಲದ ಚಿಂತೆ ಬಿಟ್ಟೆ.”

“ಅಳಿಯಂದ್ರೇ…”

“ನಿಮ್ಮ ಈ ಕಾರಿಗೆ ಬಾಲ ಎಲ್ಲಿದೆ ಮಾವ? ಬಸ್ಸಿಗೆ ಒಂದು ಮನೆಯಷ್ಟು ಉದ್ದದ ಬಾಲ ಇದೆ. ಮೂತಿ ಬಲಕ್ಕೆ ಹೋಯ್ತು, ಬಾಲ ಎಡಕ್ಕೆ ಬೀಸ್ತು. ನನಗೆ ಸದ್ದು ಮಾತ್ರ ಕೇಳಿಸ್ತು. ಅವಳು ಅಡ್ಡ ಓಡಿಬರಲಿಲ್ಲ. ನಿಂತಲ್ಲೇ ನಿಂತಿದ್ಲು. ನಾನು ಆ ಕಡೆ ನೋಡಿದ್ದಿದ್ರೆ ಬಾಲ ಬೀಸೋದು ಗೊತ್ತಾಗ್ತಿತ್ತು. ನೇರ ಲಾರಿಗೇ ಗುದ್ತಿದ್ದೆ. ಯಾರದೋ ಕೈ ಮುರೀತಿತ್ತು, ನನ್ನ ಕಾಲು ಮುರೀತಿತ್ತು. ಅವಳು ಮನೆಗೆ ಹೋಗ್ತಿದ್ಲು.”

ಮೇಷ್ಟ್ರು ಜನ್ಮದಲ್ಲಿ ಬಸ್ಸು ಓಡಿಸಿದವರಲ್ಲ. ಡಿಪೋದವರು ಕಳಿಸಿದ ಅಷ್ಟೂ ಡ್ರೈವರುಗಳಿಗೆ ಪಾಠ ಹೇಳಿದ್ದೆಲ್ಲ ಈ ಗಿಡ್ಡ ಕಾರಿನಲ್ಲಿ. ಬಸ್ಸು ತಂದರೆ ನೆಲ ಸಾಲುವುದಿಲ್ಲ ಎಂದು ಯಾರೋ ಅಂದಿದ್ದರು, ಕಾರಿನಲ್ಲಿ ಕಲಿತದ್ದೇ ಬಸ್ಸಿಗೂ ಬರುತ್ತದೆ ಎಂದು ಇವರು ಅಂದಿದ್ದರು. ಅದನ್ನು ತಪ್ಪು ಎನ್ನಲು ಯಾರೂ ಇರಲಿಲ್ಲ.

“ಅವಳ ಮುಖ ನಾನು ನೋಡ್ಲೇ ಇಲ್ಲ ಮಾವ” ಎಂದ ಅಳಿಯ. “ಈಗ ಜಾರೋವಾಗ ಯಾರಾದ್ರೂ ನಿಂತಿದ್ರೆ ಕಣ್ಣು ತೆಗೆಯೋಕೆ ಆಗಲ್ಲ. ಇವರನ್ನಾದ್ರೂ ನೋಡು, ಇವರನ್ನಾದ್ರೂ ಬಿಟ್ಟು ಹೋಗ್ಬೇಡ ಅನ್ಸುತ್ತೆ. ಅಲ್ಲಿಗೇ ಹೋಗ್ತೀನಿ. ನೀವೇ ಹೇಳಿ, ಓಡಿಸ್ಲಾ? ಹೂಂ ಅಂದ್ರೆ ಸೋಮವಾರ ಹೋಗ್ತೀನಿ. ಇದನ್ನ ತೀರ್ಮಾನ ಮಾಡೋ ಶಕ್ತಿ ನನಗಿಲ್ಲ.”

ಗಾಜಿನಾಚೆ ಮಗಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒದ್ದೆ ನೆಲದ ಮೇಲೆ ಹೆಜ್ಜೆ ಎಣಿಸುತ್ತ ಇತ್ತಲೇ ಬರುತ್ತಿದ್ದಳು. ಹೂಂ ಎಂದರೆ ಮುಂದಿನ ಮಳೆಗೆ ಯಾವುದೋ ತಿರುವಿನಲ್ಲಿ ಯಾರೋ ನಿಂತಿರುತ್ತಾರೆ. ಬೇಡ ಎಂದರೆ ಇವನು ಹೋಗಿ ಮತ್ತೆ ಗೋಡೆಯೆದುರು ಕೂರುತ್ತಾನೆ, ಇನ್ನು ಏಳುವುದಿಲ್ಲ, ಅವಳೂ ಅವನ ಜೊತೆ ಕೂರುತ್ತಾಳೆ. ಮೇಷ್ಟ್ರಿಗೆ ಕೂಗಿ ಅಳಬೇಕೆನಿಸಿತು.

“ಬೇಡ” ಎಂದರು.

ಅಳಿಯ ತಲೆಯಾಡಿಸಿದ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ.

ಮೇಷ್ಟ್ರು ಕಾರಿನಿಂದ ಇಳಿದು ಮಗಳನ್ನು ನಡುದಾರಿಯಲ್ಲೇ ತಡೆದರು. ಡಿಪೋಗೆ ಫೋನ್ ಮಾಡಿ ಬೇಡ ಅಂತ ಹೇಳುತ್ತೇನೆ, ಅಳಿಯಂದ್ರು ಇನ್ನು ಬಸ್ಸು ಓಡಿಸುವ ಹಾಗಿಲ್ಲ ಎಂದರು. ಅವಳು ಮೊದಲು ತಮಾಷೆ ಎಂದುಕೊಂಡಳು. ಆಮೇಲೆ ಅಪ್ಪನ ಮುಖ ನೋಡಿದಳು.

“ಯಾರು ಹೇಳಿದ್ದು?”

“ನಾನೇ.”

“ಏನಪ್ಪಾ ಹಾಗಂದ್ರೆ? ಈಗ ತಾನೇ ಎಲ್ರೂ ನೋಡಿದ್ವಲ್ಲ!”

“ನೀನು ನೋಡಿದ್ದು ಸುಳ್ಳು ಮಗಳೇ. ಬೊಂಬೇನ ಶೆಡ್ಡಲ್ಲಿ ಬಚ್ಚಿಟ್ಟಿದ್ದೆ. ಅದು ಇದ್ರೆ ಅವರು ಹೋಗಿ ಗುದ್ತಾರೆ. ತಿಂಗಳಿಂದ ಪ್ರತಿ ಸಲಾನೂ ಗುದ್ದಿದ್ದಾರೆ.”

ಯಾಕೆ ಗುದ್ದುತ್ತಾರೆ ಎಂದು ಅವಳು ಕೇಳಿಬಿಟ್ಟಾಳು ಎಂದು ಅವರು ಹೆದರಿದರು, ಕೇಳಲಿ ಎಂದು ಕಾದರು ಕೂಡ. ಕೇಳಿದ್ದರೆ ಹೇಳಿಬಿಡುತ್ತಿದ್ದರೇನೋ. ಅವಳು ಕೇಳಲಿಲ್ಲ. ಕಣ್ಣೊರೆಸಿಕೊಂಡು, ಅಪ್ಪನ ಎರಡೂ ಕೈ ಹಿಡಿದುಕೊಂಡಳು.

“ಅಷ್ಟೇ ತಾನೇ? ಹಾಗಾದ್ರೆ ಬೊಂಬೆ ಇಟ್ಟೇ ಕಲ್ಸು. ಇನ್ನೊಂದು ತಿಂಗಳಾಗ್ಲಿ, ವರ್ಷ ಆಗ್ಲಿ, ನಾನು ದಿನಾ ಕರ್ಕೊಂಡು ಬರ್ತೀನಿ. ಕೈ ಬಿಡ್ಬೇಡಪ್ಪ. ಈ ವಿದ್ಯೇನ ನಿನಗಿಂತ ಚೆನ್ನಾಗಿ ಕಲಿಸೋರು ಇನ್ಯಾರಿದ್ದಾರೆ ಹೇಳು?”

ಅವಳು ಕೈ ಬಿಟ್ಟು, ಬೊಂಬೆ ತರಲು ಶೆಡ್ಡಿನ ಕಡೆ ಹೊರಟಳು.