ಹಿತ್ತಿಲ ಕೋಣೆಯ ಬಿರುಕು

ಊರಿನ ಅರ್ಧಕ್ಕರ್ಧ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿದವರು ಬ್ರೇಕ್ ಮೇಷ್ಟ್ರು. ಪಕ್ಕದ ಸೀಟಿನಲ್ಲಿ ಕೂತು ಮಾತಿಗೊಮ್ಮೆ "ಬ್ರೇಕ್, ಬ್ರೇಕ್" ಅನ್ನುತ್ತಿದ್ದುದರಿಂದ ಶಿಷ್ಯರೇ ಇಟ್ಟ ಹೆಸರು ಅದು. ಇಂಥ ಮನುಷ್ಯ ಒಂದು ಮನೆಯನ್ನು ನೋಡಿದ್ದೇ ತಡ, ಹಿಂದೆಮುಂದೆ ಯೋಚಿಸದೆ "ಕೊಂಡರೆ ಇದನ್ನೇ ಕೊಳ್ಳಬೇಕು" ಎಂದುಬಿಟ್ಟಾಗ ಅವರ ಹೆಂಡತಿಗೆ ನಗು ಬಂತು, ಸ್ವಲ್ಪ ದಿಗಿಲೂ ಆಯಿತು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಕಾಲು ಮುರಿದುಕೊಂಡು ವಾರ್ಡಿನಲ್ಲಿ ಮಲಗಿದ್ದ ಮೇಷ್ಟ್ರು ಎಲ್ಲರಂತೆ ತಾವೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಕಾಲಿನ ಮೂಳೆ ಕೂಡಿಕೊಂಡಿತು, ಮನಸ್ಸೂ ಕೂಡಿಕೊಂಡಿತು, ಇಬ್ಬರೂ ನಲವತ್ತು ದಾಟಿದ ಮೇಲೆ ಮದುವೆಯೂ ಆಯಿತು. ಬಾಯಿ ಮಾತ್ರ ಹಳೆಯ ಚಾಳಿ ಬಿಡಲಿಲ್ಲ. ಹೊಸದರಲ್ಲಿ ಅಂಗಡಿಯ ಮುಂದೆ ನಿಂತು "ಸಿಸ್ಟರ್, ಸಕ್ಕರೆ ಎಷ್ಟು ತಗೊಳ್ಳಲಿ?" ಎಂದು ಹೆಂಡತಿಯನ್ನು ಕೇಳಿದಾಗ ಅಂಗಡಿಯವನು ಇಬ್ಬರ ಮುಖವನ್ನೂ ಮಿಕಿಮಿಕಿ ನೋಡಿದ್ದುಂಟು.

ಅವರು ಬಾಡಿಗೆಗಿದ್ದದ್ದು ತಗಡಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಮೇಲಿನ ಎರಡು ಕೋಣೆಗಳಲ್ಲಿ. ಸಿಸ್ಟರ್ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಕೆಳಗೆ ಸುತ್ತಿಗೆ ಶುರುವಾಗುತ್ತಿತ್ತು. ಕಿವಿಗೆ ಹತ್ತಿ ತುರುಕಿ, ತಲೆಯ ಮೇಲೊಂದು ದಿಂಬು ಹೇರಿಕೊಂಡು ಮಲಗುವರು. ಒಂದು ದಿನವಾದರೂ ದೂರಿದವರಲ್ಲ. ಕೇಳಿದರೆ "ಅಭ್ಯಾಸ ಆಗಿದೆ ರೀ" ಅಂದುಬಿಡುವರು.

ಮೇಷ್ಟ್ರು ಮೆಚ್ಚಿದ ಮನೆ ಒಬ್ಬ ಟೈಲರದು. ಅವರ ಮಗಳು ಅವಳಿ ಮಕ್ಕಳನ್ನು ಹೆತ್ತಿದ್ದಳು. ಮೊಮ್ಮಕ್ಕಳಿದ್ದ ಊರಿಗೇ ಹೋಗಿ ನೆಲೆಸಬೇಕೆಂದು ಟೈಲರ ಹೆಂಡತಿ ಹಟ ಹಿಡಿದಿದ್ದರಿಂದ ಮನೆ ಮಾರಾಟಕ್ಕೆ ಬಂದಿತ್ತು. ರಸ್ತೆಯಿಂದ ಒಳಕ್ಕೆ, ಗಲ್ಲಿಯ ಕೊನೆಯಲ್ಲಿ ಮೂರು ಕೋಣೆಯ ಹಳೆಯ ಮನೆ. ಅದಕ್ಕಂಟಿಕೊಂಡು ಹಿತ್ತಿಲಿನ ಕಡೆಗೆ ಟೈಲರು ತಮ್ಮ ಹೊಲಿಗೆಗೆಂದು ಆಮೇಲೆ ಕಟ್ಟಿಸಿಕೊಂಡಿದ್ದ ಇನ್ನೊಂದು ಕೋಣೆ. ಮೇಷ್ಟ್ರು ಪಾಠದ ನಡುವೆ ಬಿಡುವು ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗಿ ಬರತೊಡಗಿದರು.

ಸಾಲಕ್ಕೆ ಅರ್ಜಿ ಹಾಕಿದ್ದಾಯಿತು. ಬ್ಯಾಂಕಿನಿಂದ ಮೌಲ್ಯಮಾಪಕರು ಬಂದರು. ಮನೆಯ ಉದ್ದಗಲ ಅಳೆದರು, ಎದುರಿನಿಂದ ಫೋಟೋ ಹೊಡೆದರು, ಕಟ್ಟಿದ ವರ್ಷ ಕೇಳಿ ಬರೆದುಕೊಂಡರು. ಕೊಟ್ಟ ಟೀ ಆರುವ ಮೊದಲೇ ಹೊರಟುಹೋದರು. ಕೆಲವು ದಿನ ಕಳೆದು ಬ್ಯಾಂಕಿನವರು ತಿಳಿಸಿದ ಬೆಲೆ ಟೈಲರು ಕೇಳಿದ್ದಕ್ಕಿಂತ ಕಡಿಮೆಯಿತ್ತು. ಆದರೂ ಆ ಬೆಲೆಗೆ ತಕ್ಕಷ್ಟು ಸಾಲ ಕೊಡಲು ಒಪ್ಪಿದ್ದರು.

"ಬ್ಯಾಂಕಿನವರೇ ನೋಡಿ ಸೈ ಅಂದ ಮೇಲೆ ಇನ್ನೇನು?" ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. "ಸಾಲ ಕೊಡೋರು ಕಣ್ಣು ಮುಚ್ಕೊಂಡು ಕೊಡ್ತಾರಾ?"

"ಅವರು ನೋಡಿದ್ದು ಅವರ ದುಡ್ಡಿನ ಕ್ಷೇಮ ರೀ, ನಮ್ಮದಲ್ಲ," ಎಂದರು ಸಿಸ್ಟರ್. "ನಾಳೆ ನಾವು ಕಂತು ಕಟ್ಟದೆ ಹೋದ್ರೆ, ಈ ಮನೆ ಮಾರಿ ಸಾಲ ತೀರಿಸ್ಕೋಬಹುದಾ ಅಂತ ಲೆಕ್ಕ ಹಾಕಿದ್ದಾರೆ. ಅಕ್ಕಪಕ್ಕದ ಮನೆ ಎಷ್ಟಕ್ಕೆ ಹೋಯ್ತು ಅಂತ ನೋಡಿದ್ದಾರೆ. ಗೋಡೆ ಗಟ್ಟಿ ಇದೆಯಾ, ಸೂರು ಸೋರುತ್ತಾ ಅಂತ ನೋಡಿಲ್ಲ. ವಿಮೆ ಕಂಪನಿಯವರು ಕಳಿಸೋ ಡಾಕ್ಟರು ಇರ್ತಾರಲ್ಲ, ಹಾಗೆ. ನಿಮ್ಮಿಂದ ಕಂಪನಿಗೆ ನಷ್ಟ ಆಗುತ್ತಾ ಅಂತ ನೋಡ್ತಾರೆಯೇ ಹೊರತು ನಿಮ್ಮ ಮೊಣಕಾಲು ನೋವಿಗೆ ಔಷಧಿ ಬರೆದುಕೊಡಲ್ಲ."

"ಹಾಗಾದ್ರೆ ಸರ್ವೆ ಮಾಡಿಸೋಣ ಅಂತೀಯಾ? ಸರಪಳಿ ಎಳೆದು ಅಳೆಯೋದು ತಾನೆ?"

"ಅದು ಜಾಗದ ಸರ್ವೆ. ಗಡಿ ಎಲ್ಲಿದೆ ಅಂತ ಹೇಳುತ್ತೆ. ಅದೂ ಆಗಲಿ. ನಾನು ಹೇಳ್ತಿರೋದು ಕಟ್ಟಡದ ಸರ್ವೆ. ನಮ್ಮ ಕಡೆಯಿಂದ ಒಬ್ಬ ಇಂಜಿನಿಯರು ಹೋಗಿ ಬುಡದಿಂದ ತಾರಸಿವರೆಗೂ ನೋಡಿ ಬರಬೇಕು."

"ಟೈಲರು ಬೇಜಾರು ಮಾಡ್ಕೋತಾರೆ. ಊಟಕ್ಕೆ ಕರೆದವರ ಅಡುಗೆಮನೆಗೆ ನುಗ್ಗಿ ಪಾತ್ರೆ ಮೂಸಿ ನೋಡಿದ ಹಾಗಾಗುತ್ತೆ."

"ಬೇಜಾರಾದ್ರೆ ಒಂದು ದಿನ ಇರುತ್ತೆ. ಗೋಡೆ ಬಿರುಕು ಬಿಟ್ರೆ ಸಾಯೋವರೆಗೂ ಇರುತ್ತೆ."

ವಾರ್ಡಿನಲ್ಲಿ ದೊಡ್ಡ ಡಾಕ್ಟರೇ ಎದುರಾಡದ ದನಿ ಅದು. ಮೇಷ್ಟ್ರು ಎದುರಾಡುವುದುಂಟೇ?

ಇಂಜಿನಿಯರು ಬರಬೇಕೆಂದು ಗೊತ್ತುಮಾಡಿದ ದಿನ ಗಲ್ಲಿಯ ತುದಿಯಲ್ಲಿ ಒಂದು ಕಾರು ಬಂದು ನಿಂತಿತು. ಮೇಲೆ ಮಡಿಸುವ ಏಣಿ ಕಟ್ಟಿತ್ತು. ಇಳಿದಾಕೆ ಮೇಷ್ಟ್ರನ್ನು ಕಂಡು ಕೈ ಮುಗಿದರು. "ಸಾರ್, ಗುರುತು ಸಿಕ್ತಾ? ನಾನು ನಿಮ್ಮ ಹತ್ರಾನೇ ಕಾರು ಕಲಿತದ್ದು."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಹೆಂಡತಿಯ ಕಿವಿಯ ಹತ್ತಿರ ಬಾಗಿ, "ನಮ್ಮ ಶಿಷ್ಯೆ! ಚೆನ್ನಾಗಿದೆ ಅಂತಲೇ ಬರೀತಾಳೆ ನೋಡು" ಎಂದರು.

ಶಿಷ್ಯೆಗೆ ಅಂಥ ದಾಕ್ಷಿಣ್ಯವೇನೂ ಇರಲಿಲ್ಲ. ತಾರಸಿ ಹತ್ತಿದರು, ನೀರಿನ ತೊಟ್ಟಿಯೊಳಗೆ ಇಣುಕಿದರು, ನಲ್ಲಿಗಳನ್ನೆಲ್ಲ ತಿರುಗಿಸಿದರು. ನೆಲದ ಮೇಲೆ ರಸಮಟ್ಟ ಇಟ್ಟು ನೋಡಿದರು. ಗೋಡೆಗೆ ಪುಟ್ಟದೊಂದು ಯಂತ್ರ ಒತ್ತಿ ತೇವ ಅಳೆದರು. ಹಿತ್ತಿಲ ಕೋಣೆಗೆ ಬಂದ ಮೇಲೆ ಅಲ್ಲೇ ನಿಂತುಬಿಟ್ಟರು. ಬೀರುವನ್ನು ಸರಿಸಿ, ಗೋಡೆಗಳು ಕೂಡುವ ಮೂಲೆಗೆ ಟಾರ್ಚು ಬಿಟ್ಟು, ಮಂಡಿಯೂರಿ ಕೂತು ಬಹಳ ಹೊತ್ತು ನೋಡಿದರು. ಮೇಷ್ಟ್ರು ಬಾಗಿಲಲ್ಲಿ, ಆಪರೇಷನ್ ಕೋಣೆಯ ಹೊರಗೆ ಕಾಯುವ ನೆಂಟರ ಹಾಗೆ ಬೆರಳು ಹಿಸುಕಿಕೊಳ್ಳುತ್ತ ನಿಂತಿದ್ದರು.

"ಏನಾದ್ರೂ ಇದೆಯಾ ಅಮ್ಮಾ?"

"ವರದಿಯಲ್ಲಿ ಬರೀತೀನಿ ಸಾರ್."

"ಬಾಯಲ್ಲೇ ಒಂದು ಮಾತು ಹೇಳಬಾರದಾ?"

"ಅರ್ಧ ನೋಡಿ ಸ್ಟೀರಿಂಗ್ ತಿರುಗಿಸಬೇಡಿ ಅಂತ ನೀವೇ ಬೈತಿದ್ರಲ್ಲ ಸಾರ್," ಎಂದು ಆಕೆ ನಕ್ಕರು.

ವರದಿ ಬಂದದ್ದು ಸಿಸ್ಟರ್ ರಾತ್ರಿ ಪಾಳಿಗೆ ಹೋದ ಮೇಲೆ. ಬೆಳಿಗ್ಗೆ ಅವರು ಬಂದು ನೋಡಿದರೆ ಮೇಜಿನ ತುಂಬ ಹಾಳೆಗಳು, ಟೀ ಕೆನೆಗಟ್ಟಿದೆ, ಮೇಷ್ಟ್ರ ಮುಖ ಬಾಡಿದೆ.

"ಬೇಡ ಬಿಡು ಈ ಮನೆ. ಇದರಲ್ಲಿ ಇಲ್ಲದ ರೋಗವೇ ಇಲ್ಲ."

ಸಿಸ್ಟರ್ ಮುಖ ತೊಳೆದು ಬಂದು ಹಾಳೆಗಳನ್ನು ಒಟ್ಟುಮಾಡಿ ಕೂತರು. ಸಾಲುಸಾಲಿಗೂ ಮೇಷ್ಟ್ರು ಗೆರೆ ಎಳೆದಿದ್ದರು.

"ಅಡುಗೆಮನೆ ನಲ್ಲಿ ತೊಟ್ಟಿಕ್ಕುತ್ತೆ ಅನ್ನೋದಕ್ಕೂ ಗೆರೆ ಹಾಕಿದ್ದೀರಲ್ಲ?"

"ಸೋರೋ ಮನೆ ಅಂತಾಯ್ತಲ್ಲ!"

"ನಲ್ಲಿ ರೀ. ವಾಷರ್ ಬದಲಾಯಿಸಿದ್ರೆ ಮುಗೀತು." ಪೆನ್ಸಿಲ್ ಹಿಡಿದು ಒಂದೊಂದನ್ನೇ ಹೊಡೆದುಹಾಕುತ್ತ ಹೋದರು. "ಕಿಟಕಿ ಚೌಕಟ್ಟು ಹಾಳಾಗಿದೆ. ಮುಂದಿನ ವರ್ಷ ನೋಡೋಣ. ಸ್ವಿಚ್ಚು ಸಡಿಲ. ಒಂದು ಗಂಟೆ ಕೆಲಸ. ಅಲ್ಲ, ನಮ್ಮಿಬ್ಬರನ್ನ ಹೀಗೆ ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿ ಬರೆದಿದ್ರೆ ಇದಕ್ಕಿಂತ ಜಾಸ್ತಿ ಹಾಳೆ ಆಗ್ತಿತ್ತು. ಹಳೇ ಮನೆಯ ವರದಿ ಅಂದ್ರೆ ಹೀಗೇ. ಎಲ್ಲಾನೂ ಬರೀತಾರೆ. ಯಾವುದು ನೆಗಡಿ, ಯಾವುದು ನ್ಯುಮೋನಿಯಾ ಅಂತ ನಾವು ನೋಡ್ಕೋಬೇಕು."

ಕೊನೆಗೆ ಉಳಿದದ್ದು ಒಂದೇ. ಹಿತ್ತಿಲ ಕೋಣೆಯ ತಳಪಾಯ ಹಳೆಯ ಮನೆಯದಷ್ಟು ಆಳವಾಗಿರಲಿಲ್ಲ. ತಾರಸಿಯ ಮಳೆನೀರು ಇಳಿಯುವ ಪೈಪು ನೆಲದೊಳಗೆ ಎಲ್ಲೋ ಒಡೆದು, ಆ ನೀರು ವರ್ಷಗಟ್ಟಲೆ ಗೋಡೆಯ ಬುಡಕ್ಕೇ ಇಳಿದು, ಮಣ್ಣು ಸಡಿಲವಾಗಿ ಒಂದು ಮೂಲೆ ಕುಸಿದಿರಬಹುದೆಂದು ಇಂಜಿನಿಯರ್ ಬರೆದಿದ್ದರು. ಮೂಲೆಯ ಬಿರುಕು ಮೇಲೆ ಹೋದಂತೆ ಅಗಲವಾಗಿತ್ತು. ಕೋಣೆ ಮನೆಯಿಂದ ಹೊರಕ್ಕೆ ವಾಲುತ್ತಿದೆ ಎಂದರ್ಥ.

ಸಿಸ್ಟರ್ ಕೂಡಲೇ ಇಂಜಿನಿಯರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದರು. "ವಾಸಿಯಾಗೋ ಕಾಯಿಲೆನಾ?"

"ಆಗುತ್ತೆ ಮೇಡಂ. ಮೊದಲು ನೀರು ನಿಲ್ಲಿಸಬೇಕು. ಆಮೇಲೆ ಆ ಮೂಲೆಗೆ ಕೆಳಗಿನಿಂದ ತಳಪಾಯ ಕೊಡಬೇಕು. ಖರ್ಚಿದೆ, ಆದರೆ ಮಾಡೋಕಾಗದ ಕೆಲಸ ಅಲ್ಲ. ಮಿಕ್ಕ ಮನೆ ಕಲ್ಲುಗುಂಡು."

"ಕೇಳಿದ್ರಲ್ಲ?" ಎಂದು ಸಿಸ್ಟರ್ ಗಂಡನ ಕಡೆ ತಿರುಗಿದರು. ನೋಡಿದ ದಿನದಿಂದ ಆ ಮನೆಯ ಜಪ ಮಾಡುತ್ತಿದ್ದ ಮನುಷ್ಯ ತಲೆಯೆತ್ತಲಿಲ್ಲ.

"ಆ ಕೋಣೆಯೇ ಸರಿಯಿಲ್ಲ ಅಂದ್ಮೇಲೆ ಆ ಮನೆ ಯಾಕೆ?" ಅಂದರು, ಅಷ್ಟೇ.

ಸಿಸ್ಟರಿಗೆ ಇದು ಬಗೆಹರಿಯಲಿಲ್ಲ. ನಾಲ್ಕರಲ್ಲಿ ಒಂದು ಕೋಣೆಗೆ ಇಷ್ಟೇಕೆ? ಅವರಿಗೋ, ವರದಿ ಓದಿದ ಮೇಲೆಯೇ ಆ ಮನೆಯ ಮೇಲೆ ಮನಸ್ಸು ಹೋಗಿತ್ತು. ಎಲ್ಲಿ ನೋಯುತ್ತದೆಂದು ತಿಳಿದ ಮೇಲೆ ರೋಗಿ ಹತ್ತಿರದವನಾಗುವ ಹಾಗೆ.

ಬೆಲೆಯ ಮಾತೆತ್ತಿದ್ದಕ್ಕೆ ಟೈಲರು ಫೋನಿನಲ್ಲೇ ಕೆಂಡವಾದರು. "ನಾನೂ ನನ್ನ ಭಾಮೈದನೂ ನಿಂತು ಕಟ್ಟಿದ ಕೋಣೆ ಅದು! ಬೇಕಾದ್ರೆ ತಗೊಳ್ಳಿ, ಬೇಡ ಅಂದ್ರೆ ಬಿಡಿ." ಭಾನುವಾರ ಸಿಸ್ಟರ್ ಗಂಡನನ್ನು ಎಳೆದುಕೊಂಡು ಅವರ ಮನೆಗೇ ಹೋದರು. ಟೈಲರು ಕೊರಳಲ್ಲಿ ಟೇಪು ಇಳಿಬಿಟ್ಟುಕೊಂಡೇ ಬಾಗಿಲು ತೆಗೆದರು.

"ಇಷ್ಟು ವರ್ಷ ಹೊಲಿದಿದ್ದೀನಮ್ಮ. ನನ್ನ ಅಳತೆ ಯಾವತ್ತೂ ತಪ್ಪಿಲ್ಲ."

"ಅಳತೆ ತಪ್ಪಿಲ್ಲ ಅಣ್ಣಾ. ನೀರು ದಾರಿ ತಪ್ಪಿದೆ. ಒಂದು ಬಕೆಟ್ ನೀರು ಕೊಡ್ತೀರಾ, ನೋಡೇಬಿಡೋಣ."

ಟೈಲರು ಯಾರಿಗೂ ಬಕೆಟ್ ಕೊಡಲಿಲ್ಲ. ತಾವೇ ಹೊತ್ತುಕೊಂಡು ತಾರಸಿ ಹತ್ತಿ ಪೈಪಿನ ಬಾಯಿಗೆ ಸುರಿದರು. ಗಲ್ಲಿಯ ಚರಂಡಿಯಲ್ಲಿ ಪೈಪಿನ ಇನ್ನೊಂದು ತುದಿಯ ಮುಂದೆ ಮೇಷ್ಟ್ರು ಕುಕ್ಕರಗಾಲಲ್ಲಿ ಕೂತಿದ್ದರು. "ಬಂತಾ?" ಮೇಲಿನಿಂದ ಕೂಗು. "ಇಲ್ಲ!" ಇನ್ನೊಂದು ಬಕೆಟ್. "ಈಗ?" "ಒಂದು ಹನಿಯೂ ಇಲ್ಲ!" ಅಷ್ಟರಲ್ಲಿ ಹಿತ್ತಿಲ ಗೋಡೆಯ ಬುಡದ ಒಣಮಣ್ಣು ಕಪ್ಪಾಯಿತು, ಹೊಳೆಯಿತು, ಗುಳುಗುಳು ಎಂದು ಗುಳ್ಳೆ ಬಿಟ್ಟಿತು.

ಟೈಲರು ಇಳಿದು ಬಂದು ಅದನ್ನೇ ನೋಡುತ್ತ ನಿಂತರು. ಹಿಂದೆಯೇ ಅವರ ಹೆಂಡತಿ ಬಂದರು.

"ಪ್ರತಿ ವರ್ಷ ಮಳೆ ಮುಗಿದ ತಕ್ಷಣ ಬೀರು ಸರಿಸಿ ಅಲ್ಲಿ ಪುಟ್ಟಿ ಮೆತ್ತೋರು ಯಾರು? ನಾನಾ?"

"ಸುಮ್ಮನಿರೇ."

"ಸುಮ್ಮನಿದ್ದು ಇದ್ದೇ ಬಿರುಕು ಇಷ್ಟು ಅಗಲ ಆಗಿದ್ದು."

ಟೈಲರು ಟೇಪನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದರು. "ಮೋಸ ಮಾಡಬೇಕು ಅಂತ ಅಲ್ಲಮ್ಮ. ಹೊಲಿಗೆ ಬಿಟ್ಟ ಕಡೆ ಮತ್ತೆರಡು ಹೊಲಿಗೆ ಹಾಕೋ ಹಾಗೆ ಮುಚ್ಕೊಂಡು ಬಂದೆ. ಒಳಗೆ ಏನಾಗ್ತಿದೆ ಅಂತ ನೋಡೋಕೆ ನನಗೇ ಧೈರ್ಯ ಇರಲಿಲ್ಲ."

ಗಂಡಸರಿಬ್ಬರೂ ಮಣ್ಣು ಕೆದಕುತ್ತಿದ್ದಾಗ ಟೈಲರ ಹೆಂಡತಿ ಸಿಸ್ಟರನ್ನು ಒಳಗೆ ಕರೆದೊಯ್ದು ನೀರು ಕೊಟ್ಟರು. "ನಿಮ್ಮ ಯಜಮಾನರಿಗೆ ಪಾಪ, ಬೇಜಾರಾಗಿರಬೇಕು. ಬಂದಾಗಲೆಲ್ಲ ಆ ಕೋಣೆಗೇ ಹೋಗೋರು. ಬಾಗಿಲು ಹಾಕ್ಕೊಂಡು ಕಣ್ಣು ಮುಚ್ಚಿ ನಿಲ್ಲೋರು. ನಾನು ಅಡುಗೆಮನೇಲಿ ಪಾತ್ರೆ ಬಡೀಬೇಕಂತೆ, ನಮ್ಮವರು ಗಲ್ಲಿಗೆ ಹೋಗಿ ಸ್ಕೂಟರ್ ಹಾರನ್ ಹೊಡೀಬೇಕಂತೆ. ಮೊದಲು ಇವರಿಗೆ ತಲೆ ಸರಿ ಇದೆಯೋ ಇಲ್ವೋ ಅಂತ ಅನುಮಾನ ಬಂತು ಅಂದ್ಕೊಳ್ಳಿ."

"ಯಾಕಂತೆ?"

"ನಾನೂ ಹಾಗೇ ಕೇಳ್ದೆ. 'ನಮ್ಮ ಮನೆಯವಳು ಹಗಲು ಹೊತ್ತು ಮಲಗಬೇಕು ಅಕ್ಕಾ. ಅವಳಾಗಿ ಬಾಯಿ ಬಿಟ್ಟು ಹೇಳೋಳಲ್ಲ' ಅಂದ್ರು."

ಸಿಸ್ಟರ್ ಲೋಟ ಕೆಳಗಿಟ್ಟರು. ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡರು. ಅದು ಸರಿಯಾಗಿಯೇ ಇತ್ತು. ಸುಮ್ಮನೆ ಎದ್ದು ಹಿತ್ತಿಲಿಗೆ ಹೋದರು. ಮೇಷ್ಟ್ರು ಮೊಣಕೈವರೆಗೆ ಕೆಸರಾಗಿದ್ದರು.

"ಹೇಳಬಾರದಿತ್ತೇನ್ರೀ?"

ಯಾವುದರ ಮಾತೆಂದು ಮೇಷ್ಟ್ರಿಗೆ ತಿಳಿಯಿತು. "ಹೇಳಿದ್ರೆ ಏನಂತಿದ್ದೆ? ಅಭ್ಯಾಸ ಆಗಿದೆ ಅಂತಿದ್ದೆ."

"ಅಂತಿದ್ದೆ."

"ಮತ್ತೆ? ಈಗ ನೋಡಿದ್ರೆ ಆ ಕೋಣೆಗೇ ಹೀಗಾಗಿದೆ. ಬೇರೆ ಮನೆ ಹುಡುಕೋಣ. ಒಳಗೆ ನೀನು ಮಲಗಿರ್ತೀಯ, ಗೋಡೆ ಏನಾದ್ರೂ..."

"ಗೋಡೆ ಇವತ್ತೇ ಬೀಳಲ್ಲ, ರಿಪೇರಿ ಮಾಡಿಸಿದ್ರೆ ಯಾವತ್ತೂ ಬೀಳಲ್ಲ. ನಿಮ್ಮ ಶಿಷ್ಯೆಯೇ ಹೇಳಿದ್ದು. ನನಗೆ ಈ ಕೋಣೆಯೇ ಬೇಕು ರೀ." ಸೆರಗಿನ ತುದಿಯಿಂದ ಗಂಡನ ಕೆನ್ನೆಯ ಕೆಸರನ್ನು ಒರೆಸಿದರು. ಟೈಲರು ಮರ್ಯಾದೆಯಿಂದ ಆಕಾಶ ನೋಡಿದರು.

ಮುಂದಿನದು ಬೇಗ ಇತ್ಯರ್ಥವಾಯಿತು. ಬ್ಯಾಂಕಿನವರು ಕಟ್ಟಿದ ಬೆಲೆಗೇ ಟೈಲರು ಒಪ್ಪಿದರು. ಉಳಿದ ಹಣದಲ್ಲಿ ತಳಪಾಯದ ಕೆಲಸ ಇವರದು. ಪೈಪನ್ನು ಮಾತ್ರ ತಾವೇ ಸರಿಮಾಡಿ ಕೊಡುವುದಾಗಿ ಟೈಲರು ಪಟ್ಟು ಹಿಡಿದರು. "ಕೆಟ್ಟ ಬಟ್ಟೆ ಕೊಟ್ಟು ಕಳಿಸಿದ ಹೆಸರು ನನಗೆ ಬೇಡ." ಭಾಮೈದನನ್ನು ಕರೆಸಿದರು. ಅಗೆದು ನೋಡಿದರೆ ಪೈಪಿನ ಸಂದಿಯೊಳಗೆ ಮರದ ಬೇರು ನುಗ್ಗಿ ಜಡೆಯ ಹಾಗೆ ಹೆಣೆದುಕೊಂಡಿತ್ತು. ಇದಕ್ಕೆ ಕಾರಣ ಯಾರು ಎಂದು ಭಾವ ಭಾಮೈದ ಇಡೀ ದಿನ ಜಗಳವಾಡಿದರು. ಮೇಷ್ಟ್ರು ಪಾಠ ರದ್ದುಮಾಡಿ ಮಣ್ಣು ಹೊತ್ತರು.

ಮೂಲೆಗೆ ಹೊಸ ತಳಪಾಯ ಬಂತು. ಬಿರುಕಿಗೆ ಅಡ್ಡಲಾಗಿ ಇಂಜಿನಿಯರ್ ಒಳಗೂ ಹೊರಗೂ ತೆಳುವಾದ ಗಾಜಿನ ಪಟ್ಟಿ ಅಂಟಿಸಿದರು. "ಒಂದು ಮಳೆಗಾಲ ಕಳೀಲಿ ಸಾರ್. ಗೋಡೆ ಅಲ್ಲಾಡಿದ್ರೆ ಗಾಜು ಒಡೆಯುತ್ತೆ. ಅಲ್ಲಿವರೆಗೂ ಗಾರೆ ಮುಟ್ಟಬೇಡಿ."

ಹೊಸ ಮನೆಯಲ್ಲಿ ಮೊದಲ ಬೆಳಿಗ್ಗೆ ಪಾಳಿ ಮುಗಿಸಿ ಬಂದು ಸಿಸ್ಟರ್ ಆ ಕೋಣೆಯಲ್ಲಿ ಮಲಗಿದರು. ಎಷ್ಟು ಹೊರಳಿದರೂ ನಿದ್ದೆ ಹತ್ತಲಿಲ್ಲ. ಅಷ್ಟು ನಿಶ್ಶಬ್ದ. ವರ್ಷಗಳ ಸುತ್ತಿಗೆಯಿಲ್ಲದೆ ಕಿವಿ ಕಂಗಾಲಾಗಿತ್ತು. ಇದನ್ನು ಗಂಡನಿಗೆ ಹೇಗೆ ಹೇಳುವುದಪ್ಪಾ ಎಂದು ಯೋಚಿಸುತ್ತಿರುವಾಗ, ಬಾಗಿಲಾಚೆ ಸದ್ದಾಗದಿರಲೆಂದು ಮೇಷ್ಟ್ರು ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡಾಡುವ ಮೆತ್ತನೆಯ ಸಪ್ಪಳ ಕೇಳಿಸಿತು. ಅದನ್ನೇ ಆಲಿಸುತ್ತ ಆಲಿಸುತ್ತ ನಿದ್ದೆಹೋದವರಿಗೆ ಎಚ್ಚರವಾದಾಗ ಬಿಸಿಲು ಇಳಿದಿತ್ತು.

ಆ ವರ್ಷ ಮಳೆ ಚೆನ್ನಾಗಿಯೇ ಹೊಡೆಯಿತು. ಮುಗಿದ ಮೇಲೆ ಇಂಜಿನಿಯರ್ ಒಂದು ಮಧ್ಯಾಹ್ನ ಬಂದು, ಹಿತ್ತಿಲಿನಿಂದಲೇ ಹೊರಗಿನ ಗಾಜಿನ ಪಟ್ಟಿಯನ್ನು ಬಗ್ಗಿ ನೋಡಿದರು.

"ಸಾರ್! ಕೂದಲೆಳೆಯಷ್ಟೂ..."

ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟು ಕೋಣೆಯ ಕಡೆ ತೋರಿಸಿದರು. ಆಕೆ ದನಿ ತಗ್ಗಿಸಿದರು. "ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ನಾಳೆಯೇ ಗಾರೆಯವರನ್ನ ಕರೆಸಿ."

"ನಾಳೆ ಬೇಡಮ್ಮ," ಮೇಷ್ಟ್ರೂ ಪಿಸುಗುಟ್ಟಿದರು. "ಶುಕ್ರವಾರಕ್ಕೆ ಅವಳ ರಾತ್ರಿ ಪಾಳಿ ಮುಗಿಯುತ್ತೆ. ಆಮೇಲೆ ಎಷ್ಟಾದ್ರೂ ಬಡೀಲಿ."