ನೆಲ ಇದೆ

ಲಿಫ್ಟಿನೊಳಗೆ ಕಾಲಿಡುವ ಮುನ್ನ ನಾನು ಒಂದು ಮಾತು ಹೇಳುತ್ತೇನೆ: ‘ನೆಲ ಇದೆ.’ ಮನಸ್ಸಿನಲ್ಲಲ್ಲ, ಬಾಯಿಬಿಟ್ಟು. ರಿಪೇರಿ ಕೆಲಸ ಕಲಿಸಿದ ಹೆಡ್ ಮೆಕ್ಯಾನಿಕ್ ಹೇಳಿಕೊಟ್ಟದ್ದು. ಕೆಟ್ಟು ನಿಂತ ಲಿಫ್ಟಿನ ಹೊರಬಾಗಿಲನ್ನು ಕೀ ತಿರುಗಿಸಿ ಅಂಗೈಯಗಲ ಮಾತ್ರ ಸರಿಸಬೇಕು, ಟಾರ್ಚ್ ಹಾಕಿ ಕೆಳಗೆ ನೋಡಬೇಕು, ಲಿಫ್ಟ್ ಅಲ್ಲೇ ನಿಂತಿದ್ದರೆ ‘ನೆಲ ಇದೆ’ ಅನ್ನಬೇಕು, ಕಾಲು ಎತ್ತುವುದು ಆಮೇಲೆ. ನೋಡದೆ ಆ ಮಾತು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ, ಅದಕ್ಕೇ ಹೇಳಿಸುತ್ತೇನೆ ಅನ್ನುತ್ತಿದ್ದರು. ಅವರ ಜೊತೆಗಾರನೊಬ್ಬ ನೋಡದೆ ಕಾಲಿಟ್ಟಿದ್ದನಂತೆ. ಮುಂದಿನದನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈ ಅಭ್ಯಾಸ ಎಷ್ಟು ಮೈಗಂಟಿದೆಯೆಂದರೆ ಬಚ್ಚಲಿಗೆ ಹೋಗುವಾಗಲೂ ನನ್ನ ಬಾಯಿಂದ ಅದು ಬರುತ್ತದೆ. “ಇದೆ ರೀ, ಇದೆ. ಬೆಳಗ್ಗೆ ನಾನೇ ಒರೆಸಿದ್ದೀನಿ!” ಎಂದು ಹೆಂಡತಿ ಅಡುಗೆಮನೆಯಿಂದ ಕೂಗುತ್ತಾಳೆ. ನೆಂಟರ ಮುಂದೆಲ್ಲ ನನ್ನ ದನಿಯಲ್ಲೇ ಅಣಕಿಸಿ ತೋರಿಸುತ್ತಾಳೆ.

ನಮ್ಮ ಕಂಪನಿ ರಿಪೇರಿ ವಿಭಾಗವನ್ನೇ ಮುಚ್ಚಿ ನಮ್ಮನ್ನು ಮನೆಗೆ ಕಳಿಸಿತು. ಅರ್ಜಿ ಹಾಕಿದ್ದೇ ಹಾಕಿದ್ದು, ಒಂದು ನಾಯಿಯೂ ಮೂಸಲಿಲ್ಲ. ದಿನಾ ಬೆಳಗ್ಗೆ ಕಾಫಿ ಲೋಟ ಕೊಡುವಾಗ ಹೆಂಡತಿ ನನ್ನ ಫೋನಿನ ಕಡೆ ಕಣ್ಣು ಹಾಯಿಸಿ “ಬಂತಾ?” ಎಂದು ಕೇಳುವಳು. ನಾನು “ಇಲ್ಲ” ಅನ್ನುವೆ. ಅವಳು ಮತ್ತೇನೂ ಅನ್ನುತ್ತಿರಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು, ಒಂದು ಜಗಳವಾದರೂ ಆಡಬಹುದಿತ್ತು.

ಆಗ ಗಂಟುಬಿದ್ದವನು ಅವಳ ತಮ್ಮ, ನನ್ನ ಭಾವಮೈದ. ಜನರಿಗೆ ಇಂಟರ್ನೆಟ್ಟಿನಲ್ಲಿ ಪ್ರಚಾರ ಮಾಡಿಕೊಡುವುದೇ ಅವನ ಕಸುಬು.

“ಭಾವ, ಈ ಕಾಲದಲ್ಲಿ ಬಯೋಡೇಟಾ ಯಾರು ಓದ್ತಾರೆ? ಫೋನಲ್ಲಿ ನಿಮ್ಮ ಹೆಸರು ಹುಡುಕಿದ್ರೆ ಏನೂ ಬರಲ್ಲ. ಅಂದ್ರೆ ನೀವು ಇಲ್ಲವೇ ಇಲ್ಲ ಅಂತ ಲೆಕ್ಕ.”

“ಇಷ್ಟು ದಪ್ಪ ಮನುಷ್ಯ ಎದುರಿಗೇ ಕೂತಿದ್ದೀನಿ, ಇಲ್ಲ ಅಂತೀಯಲ್ಲೋ!”

“ನಿಮ್ಮದೇ ಒಂದು ಬ್ರ್ಯಾಂಡ್ ಆಗ್ಬೇಕು.”

“ಬ್ರ್ಯಾಂಡ್ ಆಗೋಕೆ ನಾನೇನು ಸೋಪಾ?”

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ‘ಲಿಫ್ಟ್ ಭಾವ’ ಎಂದು ಹೆಸರಿಟ್ಟ. ಹಳೇ ಸಮವಸ್ತ್ರ ಇಸ್ತ್ರಿ ಮಾಡಿಸಿ ತೊಡಿಸಿದ, ಮುಖಕ್ಕೆ ಏನೋ ಪುಡಿ ಬಳಿದ. ಲಿಫ್ಟ್ ಯಾಕೆ ಅಲುಗುತ್ತದೆ, ಯಾಕೆ ಕಿರುಗುಟ್ಟುತ್ತದೆ ಎಂದೆಲ್ಲ ನನ್ನಿಂದ ಹೇಳಿಸಿ, ವಿಡಿಯೋ ಮಾಡಿ ಇಂಟರ್ನೆಟ್ಟಿಗೆ ಹಾಕಿದ. ನೋಡಿದವರು ನಮ್ಮ ಮನೆಯವರೇ. ಕೊನೆಗೆ, ನಿಂತುಹೋದ ಲಿಫ್ಟಿನ ಬಾಗಿಲನ್ನು ಹೊರಗಿನಿಂದ ಹೇಗೆ ತೆಗೆಯುವುದೆಂದು ತೋರಿಸಿ ಅಂದ. ನನಗೆ ಇಷ್ಟವಿರಲಿಲ್ಲ. ಆದರೆ ಆ “ಬಂತಾ?” ಇತ್ತಲ್ಲ, ಅದು ನನ್ನನ್ನು ಒಪ್ಪಿಸಿತು. ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲೇ ತೋರಿಸಿದೆ. ಅಂಗೈಯಗಲ ಸರಿಸಿದೆ, ಟಾರ್ಚ್ ಹಾಕಿ ನೋಡಿದೆ, ‘ನೆಲ ಇದೆ’ ಅಂದೆ, ಒಳಗೆ ಹೋದೆ.

ಆ ವಿಡಿಯೋ ಕಾಳ್ಗಿಚ್ಚಿನಂತೆ ಹಬ್ಬಿತು. ನನ್ನ ಮುಖ ನನಗೇ ನೋಡಲಾಗದು, ಹಾಗಾಗಿ ನಾನು ನೋಡಲಿಲ್ಲ. ಹೆಂಡತಿ ಮಾತ್ರ ಒಗ್ಗರಣೆ ಹಾಕುವಾಗಲೂ ಅದನ್ನೇ ಹಾಕಿಕೊಂಡು ನಿಂತಿರುತ್ತಿದ್ದಳು. ವಾರ ಕಳೆಯುವುದರಲ್ಲಿ ದೊಡ್ಡದೊಂದು ಲಿಫ್ಟ್ ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂತು. ಅಂದು ಬೆಳಗ್ಗೆ “ಬಂತು!” ಎಂದು ಕೂಗಿದವನು ನಾನೇ.

ಕಂಪನಿಯ ಕಾಯುವ ಕೋಣೆಯಲ್ಲಿ ಫೈಲು ತೊಡೆಯ ಮೇಲಿಟ್ಟು ಕೂತಿದ್ದೆ. ಕೌಂಟರಿನ ಹುಡುಗಿ ನಗುತ್ತ ಬಂದಳು.

“ನೀವು ಲಿಫ್ಟ್ ಭಾವ ಅಲ್ವಾ ಸಾರ್? ಒಳಗಡೆ ಸಾಹೇಬ್ರು ಎಲ್ಲರಿಗೂ ಇದನ್ನೇ ತೋರಿಸ್ತಿದ್ದಾರೆ,” ಎಂದು ತನ್ನ ಫೋನನ್ನು ನನ್ನ ಮುಂದೆ ಹಿಡಿದಳು.

ನೋಡಿದೆ. ನನ್ನ ಕೈ ಕೀ ತಿರುಗಿಸಿತು, ಬಾಗಿಲು ಸರ್ರನೆ ಸರಿಯಿತು, ನನ್ನ ಕಾಲು ಒಳಗೆ ಹೋಯಿತು. ಅಷ್ಟೇ. ಅಂಗೈಯಗಲ ಇಲ್ಲ, ಟಾರ್ಚ್ ಇಲ್ಲ, ಆ ಮಾತೂ ಇಲ್ಲ. ಕೆಳಗೆ ಯಾರೋ ಬರೆದಿದ್ದರು: ‘ಇಷ್ಟು ಸುಲಭವಾ!’

ಮೂಲೆಗೆ ಹೋಗಿ ಭಾವಮೈದನಿಗೆ ಫೋನ್ ಮಾಡಿದೆ. “ನಡುವೆ ಇದ್ದದ್ದು ಏನಾಯ್ತೋ?”

“ಆ ಗೊಣಗಾಟನಾ? ತೆಗೆದುಬಿಟ್ಟೆ ಭಾವ. ಬಗ್ಗಿ ನೋಡೋದು, ಏನೋ ಮಣಮಣ ಅನ್ನೋದು, ಬೋರ್ ಆಗ್ತಿತ್ತು.”

“ಗೊಣಗಾಟ ಅಲ್ವೋ ಅದು, ಜೀವ! ಈಗಿಂದೀಗ್ಲೇ ವಿಡಿಯೋ ಅಳಿಸು.”

“ಇವತ್ತಾ? ಅದನ್ನ ನೋಡೇ ಅಲ್ವಾ ನಿಮ್ಮನ್ನ ಕರೆದಿರೋದು?”

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿಯ ಕರೆ ಬಂತು. ಅವನದನ್ನು ಬಿಟ್ಟು ಇವಳದನ್ನು ತೆಗೆದುಕೊಂಡೆ.

“ರೀ, ನಮ್ಮ ಲಿಫ್ಟ್ ನಿಂತುಬಿಟ್ಟಿದೆ. ಒಳಗೆ ಪಕ್ಕದ್ಮನೆ ಟೀಚರಮ್ಮ ಸಿಕ್ಕಾಕ್ಕೊಂಡಿದ್ದಾರೆ, ಪಾಪ, ಕೂಗ್ತಿದ್ದಾರೆ. ನೀವೇನೂ ಗಾಬರಿ ಆಗ್ಬೇಡಿ. ನಿಮ್ಮ ಚೀಲದಿಂದ ಕೀ ತಂದಿದ್ದೀನಿ. ನಂಬರು ನಾಲ್ಕು ಅಂತ ತೋರಿಸ್ತಿದೆ, ನಮ್ಮ ಮಹಡೀಲೇ ಇದೆ. ವಿಡಿಯೋ ನನಗೆ ಬಾಯಿಪಾಠ ಅಲ್ವಾ!”

“ಮುಟ್ಟಬೇಡ! ಕೇಳು, ಕೆಳಗೆ ನೋಡು, ಆ ನಂಬರು—”

ಕರೆ ಕಟ್ಟಾಗಿತ್ತು. ಲಿಫ್ಟಿನ ಹತ್ತಿರ ಸಿಗ್ನಲ್ ನಿಲ್ಲುವುದಿಲ್ಲ. ಮತ್ತೆ ಮಾಡಿದೆ, ಹೋಗಲಿಲ್ಲ. ನಮ್ಮ ಲಿಫ್ಟ್ ಕೆಟ್ಟು ನಿಂತರೆ ಆ ನಂಬರು ಹಿಂದಿನದನ್ನೇ ತೋರಿಸುತ್ತಿರುತ್ತದೆ. ಅದನ್ನು ನಂಬಬಾರದೆಂದು ನನಗೆ ಗೊತ್ತು, ಅವಳಿಗೆ ಯಾರು ಹೇಳಿದ್ದರು? ಬಾಗಿಲಿನಾಚೆ ಲಿಫ್ಟ್ ಇಲ್ಲದಿದ್ದರೆ ಅಲ್ಲಿರುವುದು ನಾಲ್ಕು ಮಹಡಿ ಆಳದ ಬಾವಿ.

“ಸಾರ್, ಒಳಗೆ ಕರೀತಿದ್ದಾರೆ,” ಅಂದಳು ಹುಡುಗಿ.

ನಾನು ಓಡಿದೆ. ಫೈಲು ಅಲ್ಲೇ ಬಿತ್ತು.

ಟ್ಯಾಕ್ಸಿಯಲ್ಲಿ ಕೂತು ಒಂದೇ ಸಮ ಫೋನ್ ಮಾಡುತ್ತಿದ್ದೆ. ಅವಳು ಎತ್ತಲಿಲ್ಲ. ವಾಚ್‌ಮನ್ ಎತ್ತಲಿಲ್ಲ. ಕಣ್ಣು ಮುಚ್ಚಿದರೆ ಆ ವಿಡಿಯೋ: ಕೈ, ಬಾಗಿಲು, ಕಾಲು. ಆದರೆ ಕಾಲು ನನ್ನದಲ್ಲ, ಅವಳದು. ಡ್ರೈವರ್ ತಿರುಗಿ “ಏನಾಯ್ತು ಸಾರ್?” ಅಂದ. ನಾನು ‘ನೆಲ ಇದೆ, ನೆಲ ಇದೆ’ ಎಂದು ಜೋರಾಗಿ ಹೇಳುತ್ತಿದ್ದೆನಂತೆ. ಹುಟ್ಟಿದಾಗಿನಿಂದ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ.

ಬಿಲ್ಡಿಂಗಿನ ಬಾಗಿಲಲ್ಲಿ ಜನ ಗುಂಪುಗೂಡಿದ್ದರು. ನನ್ನನ್ನು ಕಂಡದ್ದೇ ಎಲ್ಲರೂ ದಾರಿ ಬಿಟ್ಟರು. ವಾಚ್‌ಮನ್ ಸುಮ್ಮನೆ ಮೇಲಕ್ಕೆ ಕೈ ತೋರಿಸಿದ. ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ.

ನಾಲ್ಕನೇ ಮಹಡಿಯ ಮೆಟ್ಟಿಲ ಮೇಲೆ ಅವಳು ಗೋಡೆಗೊರಗಿ ಕೂತಿದ್ದಳು. ಕೈಯಲ್ಲಿ ಕೀ. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದು ಕಾಲು ಬರಿದು.

“ಇಂಟರ್‌ವ್ಯೂ ಆಯ್ತಾ?” ಎಂದಳು. ದನಿಯೇ ಅವಳದಲ್ಲ.

ನಾನು ಅವಳ ಪಕ್ಕ ಕುಸಿದು ಆ ಬರಿಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಎಲ್ಲರೂ ನೋಡುತ್ತಿದ್ದರು, ನೋಡಲಿ.

“ಎಲ್ಲರೂ ಹೆದರಿ ನಿಂತಿದ್ರು ರೀ. ಸ್ವಲ್ಪ ನಗಿಸೋಣ ಅಂತ, ‘ತಾಳಿ, ನಮ್ಮನೆಯವರ ಥರ ಹೇಳ್ತೀನಿ’ ಅಂದೆ. ಬಾಗಿಲು ಪೂರ್ತಿ ತೆಗೆದಿದ್ದೆ. ಕಾಲು ಎತ್ತಿಬಿಟ್ಟಿದ್ದೆ. ‘ನೆಲ’ ಅಂದೆ. ನೀವು ಬಗ್ಗಿ ನೋಡ್ತೀರಲ್ಲ, ಹಾಗೇ ಅಣಕಿಸೋಕೆ ಬಗ್ಗಿದೆ.” ಅವಳು ಕೀಯನ್ನು ಕೆಳಗಿಟ್ಟಳು. “ಇರ್ಲಿಲ್ಲ ರೀ. ಚಪ್ಪಲಿ ಹೋಯ್ತು. ಅದು ಬಿದ್ದ ಸದ್ದು ಎಷ್ಟು ಹೊತ್ತಾದ್ಮೇಲೆ ಬಂತು ಗೊತ್ತಾ?”

ಟೀಚರಮ್ಮ ಇದ್ದ ಲಿಫ್ಟ್ ನಿಂತಿದ್ದದ್ದು ಎರಡನೇ ಮಹಡಿಯಲ್ಲಿ. ಮೇನ್ ಸ್ವಿಚ್ ಆರಿಸಿ, ಅಂಗೈಯಗಲ ಸರಿಸಿ, ನೋಡಿ, ಮಾತು ಹೇಳಿ, ಅವರನ್ನು ಹೊರಗೆ ಕರೆತಂದೆ. ಅಂದು ಯಾರೂ ನಗಲಿಲ್ಲ.

ವಿಡಿಯೋವನ್ನು ಅಂದೇ ಇಂಟರ್ನೆಟ್ಟಿನಿಂದ ತೆಗೆಸಿದೆ. ಭಾವಮೈದ ಅಕ್ಕನ ಬರಿಗಾಲು ನೋಡಿ ಮಕ್ಕಳಂತೆ ಅತ್ತ, ಬೈಯಬೇಕೆಂದಿದ್ದ ನಾನೇ ಅವನನ್ನು ಸಮಾಧಾನ ಮಾಡಿದೆ. ಕಂಪನಿಯವರು ಫೋನ್ ಮಾಡಿ, ವಿಡಿಯೋ ಯಾಕೆ ಅಳಿಸಿದಿರಿ, ನಮಗೆ ಅದೇ ಬೇಕಿತ್ತಲ್ಲ ಅಂದರು. ಕಾರಣ ಹೇಳಿದೆ. ತಿಳಿಸುತ್ತೇವೆ ಅಂದವರು ಮತ್ತೆ ಮಾತಾಡಲಿಲ್ಲ.

ಆದರೆ ಯಾರ್ಯಾರೋ ಆ ವಿಡಿಯೋವನ್ನು ಮೊದಲೇ ಫೋನಿಗೆ ಇಳಿಸಿಕೊಂಡು ತಮ್ಮದೆಂದು ಹಾಕಿದ್ದಾರೆ. ಅಳಿಸಿ ಎಂದರೆ ಅಳಿಸುವುದಿಲ್ಲ. ಒಂದರಲ್ಲಿ ನನ್ನ ಮುಖವೂ ಇಲ್ಲ, ಬರೀ ಕೈ, ಬಾಗಿಲು, ಕಾಲು. ಅದರ ಕೆಳಗೆ ಒಬ್ಬರು ಬರೆದಿದ್ದರು: ‘ನಮ್ಮ ಲಿಫ್ಟ್ ಪದೇ ಪದೇ ನಿಲ್ಲುತ್ತೆ. ವಾಚ್‌ಮನ್ ಹತ್ರ ಈ ಕೀ ಇದೆ. ಮುಂದಿನ ಸಲ ನಾನೇ ತೆಗೀತೀನಿ.’

ಅವರ ಮನೆಯಲ್ಲಿ ಅಣಕಿಸಲು ನನ್ನಂಥ ಗೊಣಗುವವನಿಲ್ಲ. ಕೂಡಲೇ ಕೆಳಗೆ ಬರೆದೆ: ‘ದಯವಿಟ್ಟು ನೀವು ತೆಗೆಯಬೇಡಿ, ಮೆಕ್ಯಾನಿಕ್‌ನ ಕರೆಸಿ. ಓದಿದಿರಾದರೆ ಒಂದು ಮಾತು ಉತ್ತರ ಬರೆಯಿರಿ.’ ಮತ್ತೆ ಬರೆದೆ. ಹೆಂಡತಿಗೂ ತೋರಿಸಿದೆ. ಮತ್ತೆ ಮತ್ತೆ ಬರೆದೆ.

ಈಗಲೂ ಬೆಳಗ್ಗೆ ಕಾಫಿ ಲೋಟ ಕೊಡುವಾಗ ಹೆಂಡತಿ ನನ್ನ ಫೋನಿನ ಕಡೆ ನೋಡುತ್ತಾಳೆ. ಕೆಲಸದ ವಿಷಯ ನಾವಿಬ್ಬರೂ ಎತ್ತುವುದಿಲ್ಲ.

“ಬಂತಾ?” ಅನ್ನುತ್ತಾಳೆ.

“ಇಲ್ಲ,” ಅನ್ನುತ್ತೇನೆ.